ವೀಸಾಕ್ಕೊಂದು ಮುಖ

ತೊಂದರೆಗೆಲ್ಲ ಮೂಲ ಅವನ ಹಲ್ಲು. ಹಾಗಂತ ಹಲ್ಲು ಕೆಟ್ಟಿರಲಿಲ್ಲ. ಒಂದೂ ಹುಳುಕಿಲ್ಲದೆ ಕಲ್ಲಿನ ಹಾಗಿದ್ದವು. ಆದರೆ ತುಟಿಯ ಒಳಗಿರಲು ಒಪ್ಪುತ್ತಿರಲಿಲ್ಲ. ಚಪ್ಪಲಿ ಅಂಗಡಿಯಲ್ಲಿ ಇಪ್ಪತ್ತೈದು ವರ್ಷ ಪುಟ್ಟ ಸ್ಟೂಲಿನ ಮೇಲೆ ಕೂತು, ಗಿರಾಕಿಗಳ ಪಾದ ಹಿಡಿದು, ಮುಖವೆತ್ತಿ ನಗುತ್ತಾ "ಎರಡು ದಿನ ಹಾಕ್ಕೊಂಡ್ರೆ ತಾನಾಗೇ ಸಡಿಲ ಆಗುತ್ತೆ ಸಾರ್" ಎಂದು ಹೇಳಿ ಹೇಳಿ, ಆ ನಗು ಅವನ ಮುಖಕ್ಕೆ ಅಂಟಿಕೊಂಡೇಬಿಟ್ಟಿತ್ತು. ನಿದ್ದೆಯಲ್ಲೂ ನಗುತ್ತಿದ್ದ. ಸಾವಿನ ಮನೆಗೆ ಹೋದರೆ ಹೆಂಡತಿ ಅವನನ್ನು ಕಂಬದ ಮರೆಗೆ ನಿಲ್ಲಿಸುತ್ತಿದ್ದಳು. ಬೀದಿಯವರು ಅವನನ್ನು ನಗುಮಾಮ ಎಂದೇ ಕರೆಯುತ್ತಿದ್ದರು. ಅದಕ್ಕೂ ಅವನು ನಗುತ್ತಿದ್ದ.

ಆ ವರ್ಷ ಚಪ್ಪಲಿ ಕಂಪನಿಯವರು ಬಹುಮಾನ ಸಾರಿದ್ದರು. ಅಂಗಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಜೋಡಿ ಮಾರಿದವನಿಗೂ ಅವನ ಮನೆಯವರೊಬ್ಬರಿಗೂ ವಿದೇಶ ಪ್ರವಾಸ. ನಗುಮಾಮ ಮಾರಿದ ಜೋಡುಗಳನ್ನು ಸಾಲಾಗಿಟ್ಟರೆ ಆ ದೇಶದವರೆಗೆ ನಡೆದೇ ಹೋಗಬಹುದು ಎಂದು ಅಂಗಡಿ ಯಜಮಾನರೇ ಅಂದಿದ್ದರು. ಕಂಪನಿಯಿಂದ ಕಾಗದ ಬರುವುದೊಂದು ಬಾಕಿ. ಅದಕ್ಕೆ ಕಾಯದೆ ಗಂಡ ಹೆಂಡತಿ ಇಬ್ಬರೂ ಪಾಸ್‌ಪೋರ್ಟ್ ಮಾಡಿಸಿಕೊಂಡರು. ಅಲ್ಲಿ ಫೋಟೋ ತೆಗೆದವನಿಗೆ ಊಟಕ್ಕೆ ಹೊತ್ತಾಗಿತ್ತು, ಹಾಗಾಗಿ ಹಲ್ಲಿನ ಕಡೆ ಅವನ ಗಮನ ಹೋಗಲಿಲ್ಲ. ವೀಸಾದವರು ಮಾತ್ರ ಅಂಥವರಲ್ಲ. ಬಾಯಿ ಮುಚ್ಚಿರಬೇಕು, ಹಲ್ಲು ಕಾಣಬಾರದು, ಮುಖದಲ್ಲಿ ಯಾವ ಭಾವವೂ ಇರಬಾರದು. ಹೆಂಡತಿಯ ಫೋಟೋ ಒಂದೇ ಏಟಿಗೆ ಪಾಸಾಯಿತು. ನಗುಮಾಮನದನ್ನು ಕಂಪ್ಯೂಟರ್ ಮತ್ತೆ ಮತ್ತೆ ಉಗುಳಿತು.

ಇವತ್ತು ಸಂಜೆ ಐದರೊಳಗೆ ಸರಿಯಾದ ಫೋಟೋ ಹಾಕದಿದ್ದರೆ ಈ ಸಲದ ಗುಂಪಿನಲ್ಲಿ ಅವನಿಗೆ ಜಾಗವಿಲ್ಲ ಎಂದು ಟ್ರಾವೆಲ್ ಏಜೆಂಟ್ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದ.

ನಗುಮಾಮನಿಗೆ ಇದು ಬರೀ ಪ್ರವಾಸವಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ವಿಮಾನ ಹತ್ತಿಸುತ್ತೇನೆ ಎಂದು ಮಾತು ಕೊಟ್ಟಿದ್ದ. ಹೊಸ ಗಂಡಂದಿರು ಕೊಡುವಂಥದ್ದೇ ಮಾತು. ಆದರೆ ಆಕೆ ಅದನ್ನು ಮರೆತಿರಲೂ ಇಲ್ಲ, ಒಮ್ಮೆಯೂ ನೆನಪಿಸಿರಲೂ ಇಲ್ಲ. ಹಾಗಾಗಿ ಅದು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಅವನನ್ನು ಕಾಡುತ್ತಲೇ ಇತ್ತು. ಕಿಟಕಿಯ ಪಕ್ಕ ಅವಳು, ಅವಳ ಪಕ್ಕ ತಾನು. ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಸುದ್ದಿ ಕೇಳಿ ಮೊದಲು ಬಂದವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಪರೋಪಕಾರ ಮಾಡದಿದ್ದರೆ ಅವರಿಗೆ ತಿಂದದ್ದು ಕರಗುತ್ತಿರಲಿಲ್ಲ. ದುಃಖ ಬಂದರೆ ನಗು ತಾನಾಗಿ ಹೋಗುತ್ತದೆ ಎಂದು ಹೇಳಿ, ಕುರ್ಚಿ ಎಳೆದುಕೊಂಡು ಪೇಪರಿನ ನಿಧನವಾರ್ತೆಗಳನ್ನು ಒಂದೊಂದಾಗಿ ಓದತೊಡಗಿದರು. ನಗುಮಾಮ ಪ್ರತಿಯೊಂದಕ್ಕೂ ತಲೆಯಾಡಿಸಿ ನಕ್ಕ. ಕೊನೆಗೆ ಮೇಷ್ಟ್ರ ಕಣ್ಣಲ್ಲೇ ನೀರು ಬಂತು. ಹೆಂಡತಿ ಕಾಫಿ ಕೊಟ್ಟು ಅವರನ್ನು ಸಮಾಧಾನ ಮಾಡಬೇಕಾಯಿತು.

ಅಷ್ಟರಲ್ಲಿ ಭಾವಮೈದುನ ಬಂದ. ನಗುಮಾಮನ ಹೆಂಡತಿಗೆ ಇವನೊಬ್ಬನೇ ತಮ್ಮ. ಮದುವೆ ಮಾಡಿಕೊಂಡಿರಲಿಲ್ಲ. ಅದೇ ಅಂಗಡಿಯ ಮಕ್ಕಳ ವಿಭಾಗದಲ್ಲಿ ಅವನನ್ನು ಕೆಲಸಕ್ಕೆ ಸೇರಿಸಿದವನು ನಗುಮಾಮನೇ. ಹರಳೆಣ್ಣೆ ಕುಡಿದವನ ಮುಖ, ಅಳೆದು ತೂಗಿ ಮಾತು. ಅವನನ್ನು ಕಂಡರೆ ಮಕ್ಕಳು ಅಳು ನಿಲ್ಲಿಸಿ ಅಮ್ಮನ ಹಿಂದೆ ಅವಿತುಕೊಳ್ಳುತ್ತಿದ್ದವು. ಜೋಡು ಸರಿಯಿಲ್ಲದಿದ್ದರೆ "ಇದು ಕಚ್ಚುತ್ತೆ, ತಗೋಬೇಡಿ" ಎಂದು ಗಿರಾಕಿಗಳನ್ನು ವಾಪಸ್ ಕಳಿಸುವ ಸೇಲ್ಸ್‌ಮನ್ ಆ ಊರಿನಲ್ಲಿ ಅವನೊಬ್ಬನೇ ಇದ್ದನೇನೋ.

"ಭಾವ, ಒಂದು ವಿಷಯ ಹೇಳ್ಬೇಕು. ಯಜಮಾನ್ರು ಬೆಳಿಗ್ಗೆ..." ಎಂದು ಅವನು ಶುರು ಮಾಡಿದ.

"ನಿನ್ನ ಅಂಗಡಿ ವಿಷಯ ಆಮೇಲೆ ಇಟ್ಕೋ. ಇವತ್ತು ಇವರ ಮುಖ ಒಂದು ದಾರಿಗೆ ಬರ್ಲಿ" ಎಂದು ಅಕ್ಕ ಅವನ ಬಾಯಿ ಮುಚ್ಚಿಸಿದಳು. ಬಂದವನು ಸುಮ್ಮನೆ ನಿಲ್ಲುವುದು ಬೇಡವೆಂದು ಚೀಲವನ್ನೂ ಅವನ ಕೈಗೇ ಕೊಟ್ಟಳು. ನಾಲ್ವರೂ ಫೋಟೋ ಸ್ಟುಡಿಯೋಗೆ ಹೊರಟರು. ಏಜೆಂಟನ ಆಫೀಸು ಅದೇ ಕಟ್ಟಡದ ಮಹಡಿಯಲ್ಲಿತ್ತು.

ಸ್ಟುಡಿಯೋದವನು ನಗುಮಾಮನನ್ನು ಬಿಳಿ ಪರದೆಯ ಮುಂದೆ ಕೂರಿಸಿದ. ಬಾಯಿ ಮುಚ್ಚಿ ಅಂದರೆ ಮುಚ್ಚುತ್ತಿದ್ದ. ಕ್ಯಾಮೆರಾ ಎತ್ತಿದ ಕೂಡಲೇ ಎದುರಿಗೆ ಗಿರಾಕಿ ನಿಂತಂತೆನಿಸಿ ಹಲ್ಲು ಹೊರಗೆ ಬರುತ್ತಿದ್ದವು. ಮೇಷ್ಟ್ರು ಹಿಂದಿನಿಂದ ಭುಜ ಚಿವುಟಿದರು. ಫೋಟೋದಲ್ಲಿ ಹಲ್ಲಿನ ಜೊತೆಗೆ ಮೇಷ್ಟ್ರ ಕೈಯೂ ಬಂತು.

ಆಮೇಲೆ ಮೇಷ್ಟ್ರಿಗೇ ಮತ್ತೊಂದು ಉಪಾಯ ಹೊಳೆಯಿತು. ತಮ್ಮ ಕಾಲಿನ ಬೂಟು ಬಿಚ್ಚಿದರು. ನಗುಮಾಮನ ಪಾದಕ್ಕೆ ಅದು ತೀರಾ ಚಿಕ್ಕದು. ಸ್ಟುಡಿಯೋದವನೂ ಮೇಷ್ಟ್ರೂ ಸೇರಿ ಚೀಲಕ್ಕೆ ಭತ್ತ ತುರುಕಿದಂತೆ ಪಾದವನ್ನು ಒಳಗೆ ತುರುಕಿದರು. ನೋವಿಗೆ ನಗುಮಾಮನ ಕಣ್ಣು ಮೇಲೆ ಸಿಕ್ಕಿಕೊಂಡಿತು. ಸ್ಟುಡಿಯೋದವನು ಓಡಿಹೋಗಿ ಕ್ಯಾಮೆರಾ ಹಿಡಿದ. ಅಷ್ಟರಲ್ಲಿ ನಗುಮಾಮ ತನ್ನ ಕಾಲನ್ನು ತಾನೇ ನೋಡಿಕೊಂಡು, ಇಪ್ಪತ್ತೈದು ವರ್ಷದ ಅಭ್ಯಾಸಬಲದಿಂದ, "ಎರಡು ದಿನ ಹಾಕ್ಕೊಂಡ್ರೆ ತಾನಾಗೇ ಸಡಿಲ ಆಗುತ್ತೆ" ಎಂದು ಹಲ್ಲು ಬಿಟ್ಟ. ಬೂಟು ಬಿಚ್ಚಲು ಎಲ್ಲರೂ ಸೇರಿ ಎಳೆಯಬೇಕಾಯಿತು.

ಊಟದ ಹೊತ್ತು ದಾಟಿತು. ಹೆಂಡತಿ ಅವನನ್ನು ಎದುರಿನ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ತಮ್ಮ ಅನುಭವದಲ್ಲಿ ನೋವಿಲ್ಲದೆ ಬಂದ ಮೊದಲ ರೋಗಿಯನ್ನು ಕಂಡು ಉತ್ಸಾಹದಿಂದಲೇ ಮರಗಟ್ಟಿಸುವ ಸೂಜಿ ಚುಚ್ಚಿದರು. ಎಡಗೆನ್ನೆ ಸತ್ತುಹೋಯಿತು. ಬಲಗೆನ್ನೆಗೆ ಇನ್ನೊಂದು ಸೂಜಿ ಕೊಡುವುದು ಕ್ಷೇಮವಲ್ಲ ಎಂದು ಅವರು ಆಮೇಲೆ ಹೇಳಿದರು. ಈಗ ನಗುಮಾಮ ಅರ್ಧ ಮುಖದಲ್ಲಿ ಮಾತ್ರ ನಗುತ್ತಿದ್ದ. ಮಹಡಿಯಿಂದ ಇಳಿದು ಬಂದು ಫೋಟೋ ನೋಡಿದ ಏಜೆಂಟ್, ಇದನ್ನು ಕಳಿಸಿದರೆ ವೀಸಾ ಇರಲಿ, ಪೊಲೀಸರೇ ಬರುತ್ತಾರೆ ಎಂದ.

ಮದ್ದಿನ ಅಮಲು ಇಳಿಯುವ ಹೊತ್ತಿಗೆ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಹೆಂಡತಿ ಮೂಲೆಯ ಬೆಂಚಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ಅವಳನ್ನು ನೋಡಿ ನಗುಮಾಮನಿಗೆ ಸಂಕಟವಾಯಿತು. ನಿಜವಾದ ಸಂಕಟವೇ. ಆದರೆ ಅದು ಒಳಗಿನಿಂದ ಮುಖದವರೆಗೆ ಬರುವಷ್ಟರಲ್ಲಿ ದಾರಿಯಲ್ಲೆಲ್ಲೋ ನಗುವಾಗಿಬಿಡುತ್ತಿತ್ತು.

ಆಗ ಸ್ಟುಡಿಯೋದವನ ಕಣ್ಣು, ಬೆಳಗಿನಿಂದ ಚೀಲ ಹಿಡಿದು ನಿಂತಿದ್ದ ಭಾವಮೈದುನನ ಮೇಲೆ ಬಿತ್ತು. "ನೋಡಿ, ಇದು ವೀಸಾ ಮುಖ ಅಂದ್ರೆ" ಎಂದು ಅವನನ್ನು ತಂದು ನಗುಮಾಮನ ಎದುರಿಗೆ ನಿಲ್ಲಿಸಿದ. ನೋಡಿ ಕಲಿಯಲಿ ಎಂದು ಅವನ ಲೆಕ್ಕಾಚಾರ.

ಭಾವಮೈದುನ ಚೀಲ ಕೆಳಗಿಟ್ಟ. ಆಮೇಲೆ ಬಗ್ಗಿ, ಭಾವನ ಕಿವಿಯಲ್ಲಿ ಏನೋ ಹೇಳಿ ಪಕ್ಕಕ್ಕೆ ಸರಿದ.

ನಗುಮಾಮನ ಮುಖದಿಂದ ನಗು ಇಳಿದುಹೋಯಿತು. ಹಲ್ಲು ಒಳಗೆ ಹೋದವು, ತುಟಿ ಮುಚ್ಚಿತು, ಕೆನ್ನೆ ಸಮವಾಯಿತು. ಆ ಮುಖವನ್ನು ಹೆಂಡತಿ ಕೂಡ ಅಲ್ಲಿಯವರೆಗೆ ನೋಡಿರಲಿಲ್ಲ. ಸ್ಟುಡಿಯೋದವನು ಉಸಿರು ಬಿಗಿಹಿಡಿದು ಕ್ಲಿಕ್ಕಿಸಿದ. ಏಜೆಂಟ್ ಫೋಟೋ ಹಾಕಿದ. ಕಂಪ್ಯೂಟರ್ ತುಟಿಪಿಟಕ್ಕೆನ್ನದೆ ಒಪ್ಪಿಕೊಂಡಿತು.

ಮೇಷ್ಟ್ರು ಭಾವಮೈದುನನ ಬೆನ್ನು ತಟ್ಟಿದರು. ಏನು ಹೇಳಿದೆಯೋ ಎಂದು ಅಕ್ಕ ಕೇಳಿದಳು. ಉತ್ತರ ಕೊಟ್ಟವನು ನಗುಮಾಮ. ಹೋದ ನಗು ಆಗಲೇ ವಾಪಸ್ ಬಂದಿತ್ತು.

"ಬಹುಮಾನ ನನಗಲ್ವಂತೆ, ಅವನಿಗೆ ಬಂದಿದೆಯಂತೆ. ಎಂಥಾ ಸುಳ್ಳು ಹುಟ್ಟಿಸ್ದ ನೋಡು. ಒಂದು ಗಳಿಗೆ ನನ್ನ ಜೀವಾನೇ ಹೋಗಿತ್ತು."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಭಾವಮೈದುನ ನಗಲಿಲ್ಲ. ಅವನು ನಗುವುದೇ ಇಲ್ಲವಾದ್ದರಿಂದ ಯಾರೂ ಅದನ್ನು ಗಮನಿಸಲಿಲ್ಲ.

"ಭಾವ," ಎಂದ ಅವನು, "ನಾನು ಯಾವತ್ತು ಸುಳ್ಳು ಹೇಳಿದೀನಿ?"

ಕಂಪನಿಯವರು ಮಾರಿದ ಜೋಡಿಗಳನ್ನಷ್ಟೇ ಎಣಿಸಿರಲಿಲ್ಲ. ವಾಪಸ್ ಬಂದವುಗಳನ್ನು ಕಳೆದಿದ್ದರು. ನಗುಮಾಮನ ನಗುವಿನೆದುರು ಬೇಡ ಎನ್ನಲಾಗದೆ ಕೊಂಡವರು, ಮನೆಯಲ್ಲಿ ಎರಡು ದಿನ ಕಾಲು ಕಚ್ಚಿಸಿಕೊಂಡು, ಅವನ ಮುಖ ನೋಡಿ ವಾಪಸ್ ಕೊಡಲು ನಾಚಿ, ಅವನು ಊಟಕ್ಕೆ ಹೋದ ಹೊತ್ತು ನೋಡಿಕೊಂಡು ಬಂದು ಕೊಟ್ಟುಹೋಗಿದ್ದರು. ಮಕ್ಕಳ ವಿಭಾಗದಿಂದ ಹೊರಟ ಒಂದು ಜೋಡಿಯೂ ವಾಪಸ್ ಬಂದಿರಲಿಲ್ಲ. ಏಜೆಂಟ್ ನಂಬದೆ ಯಜಮಾನರಿಗೆ ಫೋನ್ ಮಾಡಿದ. ಎಲ್ಲ ನಿಜ. ಹೇಳುವುದಕ್ಕೆ ತಮಗೆ ಬಾಯಿ ಬರಲಿಲ್ಲ, ಆ ನಗುಮುಖ ನೋಡಿಕೊಂಡು ಯಾರು ತಾನೇ ಹೇಳುತ್ತಾರೆ ಎಂದರಂತೆ.

ಐದಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು. ಭಾವಮೈದುನ, ಎಂದೋ ಮಾಡಿಸಿಟ್ಟು ಬೆಳಿಗ್ಗೆಯೇ ಜೇಬಿಗೆ ಹಾಕಿಕೊಂಡಿದ್ದ ತನ್ನ ಪಾಸ್‌ಪೋರ್ಟ್ ತೆಗೆದುಕೊಟ್ಟು, ಭಾವ ಎದ್ದ ಕುರ್ಚಿಯಲ್ಲಿ ಕೂತ. ಒಂದೇ ಕ್ಲಿಕ್ಕು, ಪಾಸು. ಜೊತೆಗೆ ಬರುವವರು ಯಾರು ಎಂದು ಏಜೆಂಟ್ ಕೇಳಿದ.

"ನನಗೆ ಮನೆಯವರು ಅಂತ ಇರೋದು ಅಕ್ಕ ಒಬ್ಬಳೇ. ಅವಳ ಫೈಲು ಹೆಂಗೂ ಪಾಸಾಗಿದೆಯಲ್ಲ."

ಏಜೆಂಟ್ ನಗುಮಾಮನ ಫೈಲು ಪಕ್ಕಕ್ಕಿಟ್ಟ. ಹೆಂಡತಿ ತಮ್ಮನನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. ಬೇಡ ಎನ್ನಲು ಬಾಯಿ ತೆರೆದಳು. ಆದರೆ ಇಪ್ಪತ್ತೈದು ವರ್ಷ ಕಾದ ವಿಮಾನ ಅಷ್ಟು ಸುಲಭವಾಗಿ ಬಿಟ್ಟುಕೊಡುವಂಥದ್ದಾಗಿರಲಿಲ್ಲ. ಅವಳು ಬಂದು ಗಂಡನ ಪಕ್ಕ ಕೂತಳು.

"ಹೀಗೆ ಮುಖ ಇಳಿಬಿಟ್ಕೊಂಡು ಕೂತ್ರೆ ನಂಗೆ ಹೋಗೋಕೆ ಮನಸ್ಸಾಗುತ್ತಾ?" ಎಂದಳು ಮೆಲ್ಲಗೆ. "ಒಂಚೂರು ನಗ್ರೀ."

ನಗುಮಾಮ ಪ್ರಯತ್ನಪಟ್ಟ. ತುಟಿ ಅಲುಗಲಿಲ್ಲ. ಸೂಜಿಮದ್ದು ಇನ್ನೂ ಇಳಿದಿಲ್ಲವೇನೋ ಎಂದು ಸ್ಟುಡಿಯೋದವನು ಅವನ ಕೆನ್ನೆ ಉಜ್ಜಿ ನೋಡಿದ. ಮೇಷ್ಟ್ರು ಮಾತ್ರ ಧೈರ್ಯಗೆಡದೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ತಮಗೆ ಗೊತ್ತಿದ್ದ ನಗೆಹನಿಗಳನ್ನೆಲ್ಲ ಒಂದೊಂದಾಗಿ ಹೇಳಲು ಶುರು ಮಾಡಿದರು.