ಬೀಗದಣ್ಣನ ಗೋಡೆಗೂ ಒಂದು ಬೋರ್ಡು

ಬೆಳಗ್ಗೆ ತನ್ನ ಬೀಗದಂಗಡಿಯ ಷಟರ್ ಎತ್ತುತ್ತಿದ್ದ ಬೀಗದಣ್ಣನಿಗೆ ಪಕ್ಕದ ಗೋಡೆಗೆ ಯಾರೋ ಮೊಳೆ ಹೊಡೆಯುವ ಸದ್ದು ಕೇಳಿಸಿತು. ಕತ್ತು ಚಾಚಿ ನೋಡಿದ. ಕನ್ನಡಕದಂಗಡಿಯ ಗೋಡೆಯ ಮೇಲೆ ಹೊಚ್ಚ ಹೊಸ ನೀಲಿ ಬೋರ್ಡು ಏರುತ್ತಿತ್ತು. ಕೆಳಗೆ ಅಂಗಡಿಯ ಯಜಮಾನರಾದ ಕನ್ನಡಕದವರು ಸಂಕೋಚದಿಂದ ಕೈಕಟ್ಟಿ ನಿಂತು, "ಇದೆಲ್ಲ ಯಾಕೆ ಸಾರ್" ಅನ್ನುತ್ತಿದ್ದರು. ಆ ಸಂಕೋಚ ನೋಡಿಯೇ ಬೀಗದಣ್ಣನ ಹೊಟ್ಟೆಯಲ್ಲಿ ಕೆಂಡ ಬಿತ್ತು. ಜಂಬ ಪಟ್ಟಿದ್ದರೆ ಬೈಯಬಹುದಿತ್ತು. ಸಂಕೋಚ ಪಡುವವರನ್ನು ಏನಂತ ಬೈಯುವುದು?

ಬೋರ್ಡಿನಲ್ಲಿ ಹೀಗಿತ್ತು: "ನಮ್ಮ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿನಿ, ಹೆಸರಾಂತ ನಕ್ಷತ್ರ ವಿಜ್ಞಾನಿ, ಓದುವ ದಿನಗಳಲ್ಲಿ ಈ ಮನೆಯ ಮೇಲಿನ ಕೋಣೆಯಲ್ಲಿ ವಾಸವಾಗಿದ್ದರು."

ವಿಶ್ವವಿದ್ಯಾಲಯಕ್ಕೆ ನೂರು ತುಂಬಿತ್ತು. ಅದರ ಹಿಂಬದಿಯ ಬೀದಿಯೇ ಇದು. ಎಲ್ಲೆಲ್ಲಿಂದಲೋ ಓದಲು ಬಂದ ಹುಡುಗ ಹುಡುಗಿಯರು ಇಲ್ಲಿನ ಬಾಡಿಗೆ ಕೋಣೆಗಳಲ್ಲಿ ಇದ್ದು, ಓದಿ, ಹೋಗಿ, ಕೆಲವರು ದೊಡ್ಡ ಮನುಷ್ಯರೂ ಆಗಿದ್ದರು. ಯಾರಿಗೂ ಗೊತ್ತಿಲ್ಲದ ಅಂಥ ನಂಟುಗಳನ್ನೆಲ್ಲ ಹುಡುಕಿ ಬೋರ್ಡು ಹಾಕುವ ಕೆಲಸವನ್ನು ಇತಿಹಾಸದ ಪ್ರೊಫೆಸರೊಬ್ಬರಿಗೆ ವಹಿಸಿದ್ದರು. ಅವರು ಮೈಮೇಲೆ ಬಂದವರ ಹಾಗೆ ಹುಡುಕಿದರು. ಮೂಲೆಯ ಕ್ಷೌರದಂಗಡಿಗೆ "ಮುಖ್ಯ ನ್ಯಾಯಾಧೀಶರೊಬ್ಬರು ತಮ್ಮ ಮೊದಲ ಗಡ್ಡವನ್ನು ಇಲ್ಲಿ ತೆಗೆಸಿದರು" ಎಂಬ ಬೋರ್ಡು ಬಂತು. ಪುಸ್ತಕಕ್ಕೆ ರಟ್ಟು ಹಾಕುವವನಿಗೊಂದು ಬಂತು. ಪಂಕ್ಚರ್ ಹಾಕುವವನಿಗೂ ಬಂತು. ಬೀಗದಣ್ಣನಿಗೆ ಮಾತ್ರ ಇಲ್ಲ. ಹೇಗೆ ಬರಬೇಕು? ವಿದ್ಯಾರ್ಥಿಗಳು ಅಂದರೆ ಕಳ್ಳರ ಅಣ್ಣತಮ್ಮಂದಿರು ಅಂತ ಅವನು ಒಬ್ಬರನ್ನೂ ಹೊಸಿಲು ದಾಟಲು ಬಿಟ್ಟವನಲ್ಲ.

ಬೀಗ ಮಾರುವವನಿಗೆ ಲೋಕವೆಲ್ಲ ಕಳ್ಳರೇ. ಅದರಲ್ಲೂ ಅವನು ಕಳ್ಳನನ್ನು ಕಣ್ಣಾರೆ ಕಂಡವನು. ಅಂಗಡಿಯ ಗಲ್ಲಾದ ಮೇಲೆ ಒಂದು ತಗಡಿನ ಕೊಳವೆಯನ್ನು ತಂತಿಯಲ್ಲಿ ಕಟ್ಟಿ ನೇತುಹಾಕಿದ್ದ. ಬಂದ ಗಿರಾಕಿ ಅದೇನೆಂದು ಕೇಳದಿದ್ದರೂ ಇವನೇ ಹೇಳುತ್ತಿದ್ದ.

"ಮದುವೆಯಾದ ಹೊಸತು ನೋಡಿ. ಮಹಡಿ ಮೇಲೆ ಹೆಜ್ಜೆ ಸದ್ದು. ಒಬ್ಬನೇ ಹತ್ತಿದೆ. ಕತ್ತಲಲ್ಲಿ ಕೂತಿದ್ದ, ಆರಡಿ ಆಳು, ಇಷ್ಟು ದಪ್ಪ ಮೀಸೆ, ಕೈಲಿ ಈ ಆಯುಧ! ನಾನೇನು ಹೆದರಿದ್ನಾ? ಬಕೆಟ್ ತುಂಬ ನೀರು ಎತ್ತಿ ನೆತ್ತಿ ಮೇಲೆ ಸುರಿದೆ. ಆಯುಧ ಬಿಟ್ಟು ಓಡಿಹೋದ!"

ಕೇಳಿದವರು ಒಂದು ಬೀಗ ಕೇಳಲು ಬಂದು ಎರಡು ಕೊಂಡು ಹೋಗುತ್ತಿದ್ದರು. ಹೆಂಡತಿ ಮಾತ್ರ ಒಳಗಿನಿಂದ, "ಮೊದಮೊದಲು ಹೇಳುವಾಗ ಅವನಿಗೆ ಮೀಸೆ ಇರಲಿಲ್ಲ" ಅನ್ನುತ್ತಿದ್ದಳು. ಕಳ್ಳ ವರ್ಷ ವರ್ಷ ಬೆಳೆದದ್ದು ಬೀದಿಗೆಲ್ಲ ಗೊತ್ತಿತ್ತು.

ಇರಲಿ, ಬೋರ್ಡಿನ ವಿಷಯಕ್ಕೆ ಬರೋಣ. ಸಂಜೆ ಆ ವಿಜ್ಞಾನಿಯೇ ಬಂದು ಬೋರ್ಡಿನ ಪರದೆ ಸರಿಸುತ್ತಾರಂತೆ. ಬೀಗದಣ್ಣನಿಗೆ ಆ ಹುಡುಗಿ ಸರಿಯಾಗಿ ನೆನಪೂ ಇರಲಿಲ್ಲ. ಎರಡು ಜಡೆ ಹಾಕಿಕೊಂಡು ಪುಸ್ತಕ ಅಪ್ಪಿಕೊಂಡು ಓಡಾಡುತ್ತಿದ್ದ ಯಾವುದೋ ಒಂದು ಮಗು. ಅದಕ್ಕೆ ಕನ್ನಡಕದವರ ಮನೆಯೇ ಯಾಕೆ ಬೇಕಿತ್ತು? ಈ ಮನೆಗೂ ಕೋಣೆ ಇರಲಿಲ್ಲವೇ? ತಾನು ಬಾಡಿಗೆಗೆ ಕೊಡುತ್ತಿರಲಿಲ್ಲ ಎಂಬುದು ಬೇರೆ ಮಾತು. ಹೊಟ್ಟೆಯುರಿ ಅಷ್ಟೆಲ್ಲ ನ್ಯಾಯ ನೋಡುವುದಿಲ್ಲ.

ಅವನು ಒಂದು ಲೋಟ ಟೀ ಹಿಡಿದುಕೊಂಡು, ಪಕ್ಕದಲ್ಲೇ ನಿಂತು ಬೋರ್ಡು ಹಾಕಿಸುತ್ತಿದ್ದ ಪ್ರೊಫೆಸರ ಹತ್ತಿರ ಹೋದ.

"ಸಾರ್, ಪಕ್ಕದ ಮನೇಲಿ ವಾಸ ಇದ್ದಿದ್ದೇನೋ ಸರಿ. ಮಲಗೋಕೆ ಯಾರ ಮನೆಯಾದ್ರೇನು? ಆಯಮ್ಮ ನಕ್ಷತ್ರ ನೋಡಿದ್ದೆಲ್ಲಿ ಅಂತ ಯಾರಾದ್ರೂ ಕೇಳಿದ್ರಾ?"

ಪ್ರೊಫೆಸರ ಕಿವಿ ನೆಟ್ಟಗಾದವು. "ಎಲ್ಲಿ?"

"ನಮ್ಮ ಮಹಡಿ ಮೇಲೆ ಸಾರ್!"

ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು. ಆದರೆ ಬಾಯಿ ನಿಲ್ಲಬೇಕಲ್ಲ. ಹುಡುಗಿ ದಿನಾ ಬರುತ್ತಿದ್ದಳು, ನಾನೇ ಕುರ್ಚಿ ಹಾಕಿಕೊಡುತ್ತಿದ್ದೆ, ಹೆಂಡತಿ ಹಾಲು ಕಾಯಿಸಿ ಕೊಡುತ್ತಿದ್ದಳು, ಚಳಿಗೆ ಕಂಬಳಿ ಹೊದಿಸುತ್ತಿದ್ದೆವು, "ಓದಮ್ಮ, ದೊಡ್ಡವಳಾಗು" ಅಂತ ಹರಸುತ್ತಿದ್ದೆ. ಸುಳ್ಳು ಹೇಳುತ್ತಾ ಹೇಳುತ್ತಾ ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಪ್ರೊಫೆಸರು ಕನ್ನಡಕದವರ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತಾ?"

"ಇಲ್ಲ ಸಾರ್. ಆದ್ರೆ ಇದ್ರೂ ಇರಬಹುದು" ಅಂದರು ಆ ಪುಣ್ಯಾತ್ಮರು. "ನಮ್ಮ ಮಹಡಿ ಮೇಲೆ ಬೀದಿದೀಪದ ಬೆಳಕು ರಾಚ್ತಿತ್ತು. ಇವರ ಮಹಡಿ ಒಳ್ಳೆ ಕತ್ತಲು. ಇವರು ಬಲ್ಬೇ ಹಾಕಿಸಿರಲಿಲ್ಲ."

ತನ್ನ ಸುಳ್ಳಿಗೂ ಅವರದೇ ಆಸರೆ ಬೇಕಾಯಿತಲ್ಲ ಅಂತ ಬೀಗದಣ್ಣನಿಗೆ ಮತ್ತಷ್ಟು ಉರಿಯಿತು.

ಪ್ರೊಫೆಸರು ಮಾತ್ರ ಕುಣಿಯುವುದೊಂದು ಬಾಕಿ. "ಯಾರಿಗೂ ಗೊತ್ತಿಲ್ಲದ ನಂಟು! ಮೇಡಂಗೂ ಹೇಳೋದು ಬೇಡ, ಸಂಜೆ ಆಶ್ಚರ್ಯ ಕೊಡೋಣ. ಬೋರ್ಡ್ ಬರೆಯೋನು ಇಲ್ಲೇ ಇದ್ದಾನೆ."

ಸಂಜೆ ಅವರು ಇಲ್ಲ ಅಂದುಬಿಟ್ಟರೆ? ಬೀಗದಣ್ಣ ಒಂದು ಕ್ಷಣ ಯೋಚಿಸಿದ. ದೊಡ್ಡವರು ನಾಲ್ಕು ಜನರ ಎದುರು ವಯಸ್ಸಾದವನ ಮಾನ ಕಳೆಯುವುದಿಲ್ಲ. "ಹೌದು ಹೌದು, ನೆನಪಿದೆ" ಅಂತ ನಕ್ಕು ಕಾರು ಹತ್ತುತ್ತಾರೆ. ಅಷ್ಟಾದರೆ ಸಾಕು. ಧೈರ್ಯ ಬಂದದ್ದೇ ತಡ, ಆಸೆಯೂ ಬೆಳೆಯಿತು.

"ಸಾರ್, ಬೋರ್ಡು ಪಕ್ಕದ್ದಕ್ಕಿಂತ ಒಂದು ಗೇಣು ಜಾಸ್ತಿ ಇರಲಿ."

"ದೊಡ್ಡ ತಗಡು ಒಂದೇ ಇರೋದು. ಅದು ಲೈಬ್ರರಿಗೆ ಅಂತ..."

"ಲೈಬ್ರರಿ ಎಲ್ಲಿಗೂ ಹೋಗಲ್ಲ ಬಿಡಿ ಸಾರ್!"

ದೊಡ್ಡ ತಗಡೇ ಬಂತು. ಅದನ್ನು ಮೊಳೆಯಲ್ಲಿ ಹೊಡೆಯಲು ಹೊರಟ ಕೆಲಸದವನನ್ನು ಬೀಗದಣ್ಣ ತಡೆದ. ಹೊಟ್ಟೆಕಿಚ್ಚಿನವರು ಕಿತ್ತುಕೊಂಡು ಹೋದರೆ? ತನ್ನ ಹೊಟ್ಟೆಯಲ್ಲಿರುವುದು ಎಲ್ಲರ ಹೊಟ್ಟೆಯಲ್ಲೂ ಇರುತ್ತದೆ ಅಂತ ಅವನ ಲೆಕ್ಕ. ಅಂಗಡಿಯಿಂದ ನಾಲ್ಕು ವಿಶೇಷ ಬೋಲ್ಟು ತಂದ. ಅವನ್ನು ಬಿಗಿಯುತ್ತ ಹೋದರೆ ಕೊನೆಗೆ ತಲೆ ಕಟಕ್ಕನೆ ಮುರಿದು ಬೀಳುತ್ತದೆ. ಮಿಕ್ಕದ್ದು ಗೋಡೆಯೊಳಗೇ. ಹಿಡಿದು ತಿರುಗಿಸಲು ಏನೂ ಉಳಿಯುವುದಿಲ್ಲ.

"ಬ್ಯಾಂಕಿನೋರು ತಗೊಂಡು ಹೋಗೋ ಮಾಲು. ನಾನೇ ಬಿಚ್ಚಕ್ಕೆ ಹೋದ್ರೂ ಆಗಲ್ಲ" ಅಂತ ಹೆಮ್ಮೆಯಿಂದ ತಾನೇ ನಿಂತು ಬಿಗಿದ. ಬೋರ್ಡು ಬರೆಯುವವನು ಏಣಿ ಹತ್ತಿ ಅಕ್ಷರ ಬರೆದು, ಮೇಲೊಂದು ಬಟ್ಟೆ ಇಳಿಬಿಟ್ಟ.

ಅಷ್ಟರಲ್ಲಿ ಸುದ್ದಿ ಒಳಗೂ ಮುಟ್ಟಿತ್ತು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದಳು.

"ರೀ, ನಾನು ಹಾಲು ಕಾಯಿಸಿ ಕೊಡ್ತಿದ್ನಂತೆ?"

"ಮೆತ್ತಗೆ ಮಾತಾಡೇ."

"ಹಾಲಿನ ಪಾತ್ರೆ ಇಡೋ ಬೀರೂಗೂ ಬೀಗ ಹಾಕಿ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗ್ತಿದ್ದ ಮನುಷ್ಯ ನೀವು. ನನಗೇ ಹಾಲು ಸಿಗ್ತಿರಲಿಲ್ಲ!"

"ಈಗ ಸಿಗುತ್ತಲ್ಲ, ಸುಮ್ನಿರು. ಯಾರಾದ್ರೂ ಕೇಳಿದ್ರೆ ಹೌದು ಅನ್ನು."

"ನಾನು ಹೌದೂ ಅನ್ನಲ್ಲ, ಇಲ್ಲಾನೂ ಅನ್ನಲ್ಲ. ಹೊಟ್ಟೆಯುರಿ ನಿಮ್ಮದು, ನೀವೇ ಆರಿಸಿಕೊಳ್ಳಿ" ಅಂತ ಅವಳು ಒಳಗೆ ಹೋದಳು.

ಎದುರಂಗಡಿಯ ಟೈಲರ್ ಇದನ್ನೆಲ್ಲ ನೋಡುತ್ತ ಹಲ್ಲಲ್ಲಿ ದಾರ ಕಚ್ಚಿಕೊಂಡು ಕೂತಿದ್ದ. ಮಧ್ಯಾಹ್ನ ಅವನೂ ಎದ್ದು ಪ್ರೊಫೆಸರ ಬಳಿ ಹೋಗಿ, "ಆ ಮೇಡಂಗೆ ಮೊದಲ ಕೋಟು ಹೊಲಿದುಕೊಟ್ಟೋನು ನಾನೇ ಸಾರ್" ಅಂದ. ಬೀಗದಣ್ಣನಿಗೆ ತಡೆಯಲಾಗಲಿಲ್ಲ.

"ಲೋ ಸುಳ್ಳಾ, ಆಯಮ್ಮ ಹೋಗಿ ಎಷ್ಟೋ ವರ್ಷ ಆದ್ಮೇಲೆ ನೀನು ಈ ಬೀದಿಗೆ ಬಂದಿದ್ದು!"

"ಸರಿ ಬಿಡಣ್ಣ" ಅಂದ ಟೈಲರ್. "ನನ್ನ ಕೋಟು ವಾಪಸ್ ತಗೋತೀನಿ. ನಿನ್ನ ಹಾಲಿನ ವಿಷಯ ಮಾತಾಡೋಣ್ವಾ?"

ಬೀಗದಣ್ಣ ಅವನ ಬಾಯಿ ಮುಚ್ಚಿಸಲು ಒಂದು ಒಳ್ಳೆಯ ಬೀಗವನ್ನು ಪುಕ್ಕಟೆ ಕೊಡಬೇಕಾಯಿತು. ಅಷ್ಟರಲ್ಲಿ ಪ್ರೊಫೆಸರು, "ಅವರು ಕೂತ ಕುರ್ಚಿ ಇದೆಯಾ?" ಅಂತ ಕೇಳಿದರು. ಗೋದಾಮಿನಲ್ಲಿ ಬಿದ್ದಿದ್ದ ಕಾಲು ಮುರಿದ ಕುರ್ಚಿಯೊಂದನ್ನು ಒರೆಸಿ ತಂದ. ಅದಕ್ಕೆ ರಿಬ್ಬನ್ ಕಟ್ಟಿದರು. ಮೈಕು ಬಂತು. ಕನ್ನಡಕದವರ ಬೋರ್ಡು ತನ್ನ ಬೋರ್ಡಿನ ಪಕ್ಕ ಅಂಚೆಚೀಟಿಯ ಹಾಗೆ ಕಾಣುವುದನ್ನು ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿದ. ಬೆಳಗ್ಗಿನಿಂದ ಮೊದಲ ಬಾರಿಗೆ ಹೊಟ್ಟೆ ತಣ್ಣಗಾಯಿತು.

ಸಂಜೆ ಕಾರು ನಿಂತಿತು. ಕತ್ತರಿಸಿದ ಬಿಳಿಗೂದಲಿನ, ನಗುಮುಖದ ಹೆಂಗಸು ಇಳಿದರು. ಕುಲಪತಿಗಳು ಮುಂದೆ, ಪ್ರೊಫೆಸರು ಹಿಂದೆ. ವಿಜ್ಞಾನಿ ನೇರ ಕನ್ನಡಕದವರ ಬಳಿ ಹೋಗಿ ಅವರ ಎರಡೂ ಕೈ ಹಿಡಿದುಕೊಂಡು, "ಅಂಕಲ್, ಇನ್ನೂ ಹಾಗೇ ಇದ್ದೀರಲ್ಲ!" ಅಂದರು. ಮೊದಲ ಬೋರ್ಡಿನ ಪರದೆ ಸರಿಯಿತು. ಚಪ್ಪಾಳೆ. ಆಮೇಲೆ ಪ್ರೊಫೆಸರು ಮೈಕಿನಲ್ಲಿ, "ಇನ್ನೊಂದು ಆಶ್ಚರ್ಯ ಇದೆ ಮೇಡಂ" ಅಂದು ಬೀಗದಂಗಡಿಯ ಗೋಡೆಯ ಬಟ್ಟೆ ಎಳೆದರು.

ವಿಜ್ಞಾನಿ ಗಟ್ಟಿಯಾಗಿ ಓದಿದರು. "ಈ ಮನೆಯವರ ಪ್ರೀತಿಯ ಆರೈಕೆಯಲ್ಲಿ, ಈ ಮಹಡಿಯ ಮೇಲೆ ಕುಳಿತು, ವಿದ್ಯಾರ್ಥಿನಿಯಾಗಿದ್ದ ಅವರು ನಕ್ಷತ್ರಗಳನ್ನು ನೋಡಿದರು."

ಓದಿದ್ದೇ ಹುಬ್ಬು ಗಂಟಿಕ್ಕಿತು. ತಲೆಯೆತ್ತಿ ಮಹಡಿಯನ್ನು ನೋಡಿದರು. ಇನ್ನೇನು ಮುಗಿಯಿತು, ಬೀದಿಯಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ ಅಂದುಕೊಂಡ ಬೀಗದಣ್ಣ.

"ಇದು ನಿಮಗೆ ಹೇಗೆ ಗೊತ್ತಾಯ್ತು?" ಅಂದರು ವಿಜ್ಞಾನಿ. "ನಾನು ಯಾರಿಗೂ ಹೇಳಿರಲಿಲ್ಲವಲ್ಲ! ಇದೇ ಮಹಡಿ. ನಕ್ಷತ್ರ ನೋಡಿದ್ದು ಇಲ್ಲಿಂದಲೇ!"

ಬೀಗದಣ್ಣ ಬಾಯಿ ಬಿಟ್ಟುಕೊಂಡು ನಿಂತ. ಅವನ ಸುಳ್ಳು ನಿಜವಾಗಿತ್ತು! ಜನ ಚಪ್ಪಾಳೆ ತಟ್ಟಿದರು. ಪ್ರೊಫೆಸರು ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು. ಬೀಗದಣ್ಣ ಹಿಗ್ಗಿ, ಎದೆಯುಬ್ಬಿಸಿ, ಓರೆಗಣ್ಣಿನಿಂದ ಕನ್ನಡಕದವರ ಕಡೆ ನೋಡಿದ. ಅವರೂ ಸಂತೋಷದಿಂದ ಚಪ್ಪಾಳೆ ತಟ್ಟುತ್ತಿದ್ದರು, ಹಾಳಾದವರು.

"ಅಂಕಲ್ ಮಹಡೀಲಿ ಬೆಳಕು ಜಾಸ್ತಿ" ಅಂತ ವಿಜ್ಞಾನಿ ಮೈಕು ಹಿಡಿದು ನಗುತ್ತ ಮುಂದುವರಿಸಿದರು. "ಅದಕ್ಕೇ ಗೋಡೆ ದಾಟಿ ಕದ್ದು ಈ ಕಡೆ ಬರ್ತಿದ್ದೆ. ತಗಡು ಸುತ್ತಿ, ಅಂಕಲ್ ಬೇಡ ಅಂತ ಬಿಸಾಕಿದ್ದ ಗಾಜು ಕೂರಿಸಿ ನಾನೇ ಒಂದು ಟೆಲಿಸ್ಕೋಪು ಮಾಡಿಕೊಂಡಿದ್ದೆ. ಅದರಲ್ಲಿ ಮೊದಲನೇ ಸಲ ಆಕಾಶ ನೋಡ್ತಾ ಮೈಮರೆತು ಕೂತಿದ್ದೀನಿ, ಹಿಂದಿನಿಂದ ಯಾರೋ ಒಂದು ಬಕೆಟ್ ನೀರು ಸುರಿದುಬಿಡೋದಾ! ಟೆಲಿಸ್ಕೋಪು ಅಲ್ಲೇ ಬಿಟ್ಟು ಓಡಿದೆ. ಪ್ರೀತಿಯ ಆರೈಕೆ ಅಂತ ಬರೆದಿದ್ದೀರಲ್ಲ, ಅದೊಂದು ಮಾತ್ರ ಸ್ವಲ್ಪ..."

ಯಾರೂ ನಗಲಿಲ್ಲ. ಇಡೀ ಬೀದಿಯ ಕತ್ತು ಒಟ್ಟಿಗೆ ತಿರುಗಿ ಬೀಗದಂಗಡಿಯ ಗಲ್ಲಾದ ಮೇಲೆ ನೇತಾಡುತ್ತಿದ್ದ ತಗಡಿನ ಕೊಳವೆಯನ್ನು ನೋಡಿತು. ಬೀಗದಣ್ಣ ಹಿಂದೆ ಹಿಂದೆ ಸರಿದು ಷಟರಿಗೆ ಕೈ ಹಾಕಿದ. ಆದರೆ ಟೈಲರಿಗೆ ತಡೆಯಲಾಗಲಿಲ್ಲ. ಆ ಕತೆಯನ್ನು ಅವನಷ್ಟು ಸಲ ಕೇಳಿದವರು ಲೋಕದಲ್ಲೇ ಇರಲಿಲ್ಲ.

"ಅಯ್ಯೋ ಮೇಡಂ! ಆರಡಿ ಎತ್ತರದ ಆ ಮೀಸೆ ಕಳ್ಳ ನೀವೇನಾ?"

ಆಮೇಲೆ ಎದ್ದ ನಗುವಿಗೆ ಮೈಕೇ ಕಿರುಚಿತು. ಯಾರೋ ತಂತಿ ಬಿಚ್ಚಿ ಕೊಳವೆಯನ್ನು ತಂದರು. ವಿಜ್ಞಾನಿ ಅದರ ಧೂಳು ಒರೆಸಿ, ಕಣ್ಣಿಗೆ ಹಿಡಿದು, ಮಗುವಿನ ಹಾಗೆ ಮಹಡಿಯ ಕಡೆ ನೋಡಿದರು. ಅವರಿಗೆ ಒಂದಿಷ್ಟೂ ಕೋಪವಿರಲಿಲ್ಲ. ಕೋಪ ಮಾಡಿಕೊಂಡಿದ್ದರೆ ಬೀಗದಣ್ಣ ಕ್ಷಮೆ ಕೇಳಿ ಪಾರಾಗುತ್ತಿದ್ದ.

"ನೆಂದಿದ್ದಕ್ಕೆ ಜ್ವರ ಬಂತು. ಎಲ್ಲಿ ನೆಂದೆ ಅಂತ ಮಾತ್ರ ಬಾಯಿ ಬಿಡಲಿಲ್ಲ. ಅಂಕಲ್ಲು, ಆಂಟಿ ಹಗಲೂ ರಾತ್ರಿ ನೋಡಿಕೊಂಡ್ರು" ಅಂದರು. "ಟೆಲಿಸ್ಕೋಪು ಹೋಯ್ತಲ್ಲ ಅಂತ ಮಲಗಿದ ಕಡೆಯೇ ಅಳ್ತಿದ್ದೆ, ಅದಕ್ಕೇ ಅಂಕಲ್ ಅಂಗಡೀಲಿ ಗಾಜು ಉಜ್ಜಿ ಇನ್ನೂ ದೊಡ್ಡ ಟೆಲಿಸ್ಕೋಪು ಮಾಡಿಕೊಟ್ರು. ನಾನು ಇವತ್ತು ಏನಾಗಿದ್ದೀನೋ ಅದರಿಂದಲೇ."

"ಅಷ್ಟೇನಿಲ್ಲಮ್ಮ" ಅಂದರು ಕನ್ನಡಕದವರು, ಮತ್ತದೇ ಸಂಕೋಚದಿಂದ. ವಿಜ್ಞಾನಿ ಬೀಗದಣ್ಣನ ಕಡೆ ತಿರುಗಿ, "ಇದನ್ನ ಅಂಕಲ್ ಅಂಗಡೀಲಿ ಇಡಬಹುದಾ?" ಅಂತ ಕೇಳಿದರು. ಬೀಗದಣ್ಣ ತಲೆಯಾಡಿಸಿದ. ಇಷ್ಟು ವರ್ಷ ಬೀಗ ಮಾರಿಕೊಟ್ಟ ಕೊಳವೆ ಕಣ್ಣೆದುರೇ ಪಕ್ಕದ ಅಂಗಡಿಯ ಗಾಜಿನ ಬೀರು ಸೇರಿತು.

ಕಾರು ಹೋದ ಮೇಲೆ ಪ್ರೊಫೆಸರು ಸಿಡಿದರು. "ತಪ್ಪು ಇತಿಹಾಸ ಒಂದು ಗಳಿಗೆಯೂ ಗೋಡೆ ಮೇಲೆ ಇರಕೂಡದು. ಬೋರ್ಡು ಇಳಿಸಿ!"

"ಇಳಿಸಿ ಸಾರ್, ಇಳಿಸಿ" ಅಂದ ಬೀಗದಣ್ಣ, ಮನಃಪೂರ್ವಕವಾಗಿ.

ಕೆಲಸದವನು ಏಣಿ ಹತ್ತಿ ತಡಕಾಡಿ ಇಳಿದ. "ಬೋಲ್ಟಿಗೆ ತಲೆಯೇ ಇಲ್ಲ ಸಾರ್. ಏನು ಹಿಡಿದು ತಿರುಗಿಸಲಿ?" ಬೀಗದಣ್ಣ ತಾನೇ ಹತ್ತಿದ. ಇಕ್ಕಳ ಹಾಕಿದ, ಉಳಿ ಹಾಕಿದ, ಸುತ್ತಿಗೆ ಹಾಕಿದ, ಕೊನೆಗೆ ನೇತಾಡಿದ. ಸರಕು ನಿಜಕ್ಕೂ ಒಳ್ಳೆಯದಿತ್ತು.

"ಹಾಗಾದ್ರೆ ತಿದ್ದಿಬಿಡೋಣ" ಅಂದರು ಪ್ರೊಫೆಸರು. "ಜಾಗ ಬೇಕಾದಷ್ಟಿದೆ."

ಬೋರ್ಡು ಬರೆಯುವವನು ಹಳೆಯ ಅಕ್ಷರಕ್ಕೆ ಬಣ್ಣ ಬಳಿದು ಹೊಸದಾಗಿ ಬರೆದ: "ಹೆಸರಾಂತ ನಕ್ಷತ್ರ ವಿಜ್ಞಾನಿ, ವಿದ್ಯಾರ್ಥಿನಿಯಾಗಿದ್ದಾಗ, ಈ ಮಹಡಿಯ ಮೇಲಿಂದ ದೂರದರ್ಶಕದಲ್ಲಿ ಮೊದಲ ಬಾರಿ ಆಕಾಶ ನೋಡಿದರು. ಬೀಗದಂಗಡಿಯ ಯಜಮಾನರು ಕಳ್ಳನೆಂದು ತಿಳಿದು ಅವರ ಮೇಲೆ ನೀರು ಸುರಿದು ಓಡಿಸಿದರು."

ಅಕ್ಷರ ಇನ್ನೂ ಒಣಗಿರಲಿಲ್ಲ, ದಾರಿಯಲ್ಲಿ ಹೋಗುತ್ತಿದ್ದ ಗಂಡ ಹೆಂಡಿರಿಬ್ಬರು ನಿಂತರು. ಕನ್ನಡಕದಂಗಡಿಯ ಬೋರ್ಡು ದಾಟಿ ಬಂದು ಇವನದನ್ನು ಓದಿ ಬಿದ್ದು ಬಿದ್ದು ನಕ್ಕರು.

"ನೀರು ಸುರಿದೋರು ಈಗ್ಲೂ ಇದ್ದಾರಾ?"

"ಇಲ್ಲ, ಎಲ್ಲೋ ಹೋಗಿದ್ದಾರೆ" ಅಂದ ಬೀಗದಣ್ಣ, ಮುಖ ತಿರುಗಿಸಿ.

"ಅಯ್ಯೋ, ಇವರೇ ಕಣ್ರೀ!" ಅಂತ ಪಕ್ಕದಿಂದ ಕನ್ನಡಕದವರು ಅಕ್ಕರೆಯಿಂದ ಕೂಗಿದರು. "ಬನ್ನಿ, ಜೊತೆಗೆ ನಿಂತು ಫೋಟೋ ತಗೊಳ್ಳಿ. ನೋಡಿ ಬೀಗದಣ್ಣ, ನಮ್ಮ ಬೋರ್ಡ್ ಹತ್ರ ಯಾರೂ ನಿಲ್ಲೋದೇ ಇಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತೆ!"

ಗಂಡ ಹೆಂಡತಿ ಬಂದು ಅವನ ಎಡಬಲಕ್ಕೆ ನಿಂತರು. ಟೈಲರ್ ಅವರ ಫೋನು ಇಸಿದುಕೊಂಡು, "ಏನೋ ಒಂದು ಕಮ್ಮಿ ಆಯ್ತಲ್ಲ" ಅಂದ.

ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಬಂದು, ಏನೂ ಮಾತಾಡದೆ, ಬೀಗದಣ್ಣನ ಕೈಗೆ ಬಕೆಟ್ಟು ಕೊಟ್ಟು ಹೋದಳು.