ಕಣ್ಣಾರೆ ಒಂದು ಗೋಲು

ಎಲ್ಲ ರಗಳೆಗೂ ಮೂಲ, ಮೈದಾನದ ಗೇಟಿನಲ್ಲಿ ಸೀನುವಾನ್ ಸುಟ್ಟು ಮಾರುವ ಹುಳಿ ಸಾಸೇಜು. ಸೀಸನ್ನಿನ ಮೊದಲ ಪಂದ್ಯದ ದಿನ ಗ್ಯಾರೆತ್ ಎರಡು ಕಡ್ಡಿ ಸಾಸೇಜು ತರೋಣವೆಂದು ಸ್ಟ್ಯಾಂಡಿನಿಂದ ಎದ್ದು ಹೋದ. ಅವನು ಅತ್ತ ನಂಚಿಕೊಳ್ಳಲು ಇನ್ನೊಂದು ಚೂರು ಶುಂಠಿ ಕೇಳುತ್ತಿದ್ದಾಗ ಇತ್ತ ಊರಿನ ತಂಡ ಥಾ ಮಖಾಮ್ ಗೋಲು ಹೊಡೆಯಿತು. ಮುಂದಿನ ಪಂದ್ಯದಲ್ಲಿ ಮೂತ್ರಕ್ಕೆಂದು ಹೋದ, ಗೋಲು. ಅದರ ಮುಂದಿನದರಲ್ಲಿ ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿ ಮಾಡಿಕೊಂಡ, ಗೋಲು. ಹೀಗೆ ಆರು ತಿಂಗಳಲ್ಲಿ ಊರಿನ ತಂಡ ಹನ್ನೊಂದು ಗೋಲು ಹೊಡೆದಿತ್ತು. ಗ್ಯಾರೆತ್ ಒಂದನ್ನೂ ನೋಡಿರಲಿಲ್ಲ. ಎದುರಾಳಿಗಳು ಹೊಡೆದವನ್ನು ಮಾತ್ರ ಒಂದೂ ಬಿಡದೆ ಕಣ್ತುಂಬ ನೋಡಿದ್ದ.

ಬೇರೆ ಊರಾಗಿದ್ದರೆ ನಕ್ಕು ಬಿಡುತ್ತಿದ್ದರು. ಥಾ ಮಖಾಮಿನವರು ಬಿಡುವವರಲ್ಲ. ಯಾರ ಮನೆ ಹಲ್ಲಿ ಯಾವ ದಿಕ್ಕಿಗೆ ಲೊಚಗುಟ್ಟಿತು ಎಂದು ನೋಡಿ ಲಾಟರಿ ಕೊಳ್ಳುವ ಜನ, ಇಷ್ಟು ದೊಡ್ಡ ಸೂಚನೆಯನ್ನು ಕೈಬಿಡುತ್ತಾರೆಯೇ? ಫರಂಗಿ ನೋಡುತ್ತಿದ್ದರೆ ಗೋಲಿಲ್ಲ, ನೋಡದಿದ್ದರೆ ಗೋಲು. ಇದು ನವೆಂಬರ್ ಹೊತ್ತಿಗೆ ಊರಿನಲ್ಲಿ ಎಲ್ಲರೂ ಒಪ್ಪಿದ ಸಂಗತಿಯಾಗಿತ್ತು.

ಗ್ಯಾರೆತ್ ವೇಲ್ಸ್‌ನ ಒಂದು ಸಣ್ಣ ಊರಿನಲ್ಲಿ ಮೂವತ್ತೆಂಟು ವರ್ಷ ಅಂಚೆ ಹಂಚಿ, ನಿವೃತ್ತನಾಗಿ, ಈ ಊರಿನ ನರ್ಸ್ ಪ್ರಾನೀಯನ್ನು ಮದುವೆಯಾಗಿ ಇಲ್ಲಿಗೆ ಬಂದು ಒಂಬತ್ತು ವರ್ಷವಾಗಿತ್ತು. ಇಲ್ಲಿನ ಬಿಸಿಲನ್ನು ಸಹಿಸಿದ್ದ, ಕೆಂಪಿರುವೆಯನ್ನು ಸಹಿಸಿದ್ದ, ಅತ್ತೆ ಬುವಾಫನ್ ಅವರನ್ನೂ ಸಹಿಸಿದ್ದ. ಭಾನುವಾರದ ಫುಟ್‌ಬಾಲ್ ಒಂದಿದ್ದರೆ ಅವನಿಗೆ ಬೇರೇನೂ ಬೇಡ. ಇಂದು ಸೀಸನ್ನಿನ ಕೊನೆಯ ಪಂದ್ಯ. ಗೆದ್ದರೆ ಮುಂದಿನ ಸುತ್ತು, ಡ್ರಾ ಆದರೂ ಮನೆಗೆ. ಬೆಳಗ್ಗೆ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತ ಅವನು ತನಗೆ ತಾನೇ ಹೇಳಿಕೊಂಡ, “ಇವತ್ತು ಭೂಮಿ ಬಾಯಿ ಬಿಟ್ಟರೂ ನಾನು ಸೀಟು ಬಿಡೋದಿಲ್ಲ. ಒಂದೇ ಒಂದು ಗೋಲು. ಕಣ್ಣಾರೆ ನೋಡಬೇಕು.”

ಪ್ರಾನೀ ಡ್ಯೂಟಿಗೆ ಹೋಗಿದ್ದಳು. ತಿಂಡಿಗೆ ಕೂತಾಗ ಅತ್ತೆ ತಾವಾಗಿ ಬಡಿಸಲು ಬಂದರು. ಒಂಬತ್ತು ವರ್ಷದಲ್ಲಿ ಇದೇ ಮೊದಲು.

“ಅಳಿಯಂದ್ರೇ, ಪಪ್ಪಾಯಿಕಾಯಿ ಕೋಸಂಬರಿ. ನಿಮಗೇ ಅಂತ ಕುಟ್ಟಿದ್ದೀನಿ, ತಗೊಳ್ಳಿ.”

ತಟ್ಟೆಯಲ್ಲಿ ಪಪ್ಪಾಯಿಗಿಂತ ಮೆಣಸಿನಕಾಯಿಯೇ ಹೆಚ್ಚಿತ್ತು. ಜೊತೆಗೆ ಒಂದು ವಾರದ ಹಿಂದಿನ ಏಡಿ. ಇದನ್ನು ತಿಂದವನು ಮಧ್ಯಾಹ್ನವಿಡೀ ಎಲ್ಲಿ ಕೂತಿರುತ್ತಾನೆ ಎಂಬುದು ಗ್ಯಾರೆತ್‌ಗೆ ಗೊತ್ತಿತ್ತು.

“ಬೇಡ ಅತ್ತೆ. ಇವತ್ತು ಬರೀ ಅಂಟು ಅನ್ನ ಸಾಕು.”

“ನೀರಾದ್ರೂ ಕುಡೀರಿ. ಎಳನೀರಿದೆ, ಕಬ್ಬಿನಹಾಲಿದೆ, ಸೇವಂತಿಗೆ ಷರಬತ್ತಿದೆ.”

“ಒಂದು ಗುಟುಕೂ ಬೇಡ.”

ಅತ್ತೆ ಎಪ್ಪತ್ನಾಲ್ಕು ವರ್ಷದ, ಒಣಮೀನಿನಷ್ಟು ತೆಳ್ಳಗಿನ ಹೆಂಗಸು. ತಂಡದ ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ. ಅಳಿಯನನ್ನು ಒಂದು ಗಳಿಗೆ ದಿಟ್ಟಿಸಿ, “ಹಟಮಾರಿ” ಎಂದು ಗೊಣಗಿ ತಟ್ಟೆ ಎತ್ತಿಕೊಂಡು ಹೋದರು.

ಹೊರಗೆ ಬಂದು ನೋಡಿದರೆ ಸ್ಕೂಟರಿನ ಎರಡೂ ಚಕ್ರ ಚಪ್ಪಟೆ. ಎದುರುಮನೆಯ ಮೆಕ್ಯಾನಿಕ್ ವಿರೋಟ್ ನಿನ್ನೆ ತಾನೇ, ಕೇಳದಿದ್ದರೂ, “ಗಾಳಿ ನೋಡ್ತೀನಿ ದೊಡ್ಡಪ್ಪ” ಎಂದು ಬಂದಿದ್ದ. ಈಗ ಅವನು ಅಂಗಡಿಯ ಮುಂದೆ, ತಂಡದ ದೊಡ್ಡ ಡೋಲನ್ನು ಹೆಗಲಿಗೇರಿಸಿಕೊಂಡು, ಏನೂ ಅರಿಯದ ಮಗುವಿನಂತೆ ನಿಂತಿದ್ದ.

“ಅಯ್ಯೋ ಪಾಪ, ಪಂಕ್ಚರ್ರಾ? ಇವತ್ತು ಅಂಗಡಿ ರಜಾ ದೊಡ್ಡಪ್ಪ. ಮನೇಲಿ ಆರಾಮಾಗಿ ಮಲ್ಕೊಳ್ಳಿ. ಸ್ಕೋರು ನಾನೇ ಫೋನ್ ಮಾಡಿ ಹೇಳ್ತೀನಿ.”

“ನಡ್ಕೊಂಡ್ ಬರ್ತೀನಿ ಕಣೋ!” ಎಂದು ಗ್ಯಾರೆತ್ ಗುಡುಗಿದ. ಎರಡು ಮೈಲಿ, ನೆತ್ತಿಯ ಮೇಲೆ ಬಿಸಿಲು. ದಾರಿಯುದ್ದಕ್ಕೂ ಜನ ಅವನನ್ನು ಕರೆದು ಕೂರಿಸಿಕೊಳ್ಳಲು ನೋಡಿದರು. ಒಬ್ಬ ತನ್ನ ಹುಂಜ ತೋರಿಸುತ್ತೇನೆಂದ, ಒಬ್ಬಾಕೆ ಮೊಮ್ಮಗಳಿಗೆ ಇಂಗ್ಲಿಷ್ ಹೇಳಿಕೊಡಿ ಎಂದಳು. ಮೈದಾನದ ಗೇಟಿನ ಬಳಿ ಸಾಸೇಜು ಸುಡುತ್ತಿದ್ದ ಸೀನುವಾನ್ ಅವನನ್ನು ಕಂಡವಳೇ ಬೀಸಣಿಗೆ ಎಸೆದು ಓಡಿಬಂದಳು.

“ಗ್ಯಾರೆತಣ್ಣಾ! ವೀಸಾ ಆಫೀಸಿಂದ ಫೋನ್ ಬಂದಿತ್ತಂತೆ. ತೊಂಬತ್ತು ದಿನದ ಕಾಗದ ಏನೋ ತಪ್ಪಾಗಿದೆಯಂತೆ. ಈಗಿಂದೀಗ್ಲೇ ಬರ್ಬೇಕಂತೆ!”

ಪರದೇಶದವರು ಮೂರು ತಿಂಗಳಿಗೊಮ್ಮೆ ವಿಳಾಸ ಬರೆದು ಕೊಡಲೇಬೇಕಾದ ಆ ಕಾಗದದ ಹೆಸರೆತ್ತಿದರೆ ಊರಿನ ಯಾವ ಫರಂಗಿಗೂ ಎದೆ ಧಸಕ್ಕೆನ್ನುತ್ತದೆ. ಗ್ಯಾರೆತ್ ಎರಡು ಹೆಜ್ಜೆ ಹಿಂದಕ್ಕೆ ಹೋಗಿಯೂ ಬಿಟ್ಟ. ಆಮೇಲೆ ತಟಕ್ಕನೆ ನಿಂತ.

“ಸೀನುವಾನ್, ಇವತ್ತು ಭಾನುವಾರ. ಯಾವ ಆಫೀಸು ತೆಗೆದಿರುತ್ತೆ?”

ಅವಳು ನಾಲಿಗೆ ಕಚ್ಚಿಕೊಂಡಳು. “ನಾನು ಸೋಮವಾರ ಅಂತ ತಿಳ್ಕೊಂಡಿದ್ದೆ ಕಣಣ್ಣ.”

ಟಿಕೆಟ್ ಕಿಟಕಿಯಲ್ಲಿ “ಎಲ್ಲಾ ಖಾಲಿ” ಎಂದರು. ಮೂರು ಸಾವಿರ ಜನ ಕೂರುವ ಸ್ಟ್ಯಾಂಡಿನಲ್ಲಿ ನಾನೂರು ಜನವೂ ಇರಲಿಲ್ಲ. ಗ್ಯಾರೆತ್ ಕಿಟಕಿಯೊಳಕ್ಕೆ ಹಣ ತೂರಿಸಿ, ತಾನೇ ಒಂದು ಚೀಟಿ ಹರಿದುಕೊಂಡು ಒಳನುಗ್ಗಿದ. ನಡುಮಧ್ಯದ ಸೀಟಿನಲ್ಲಿ ಕೂತು ಎರಡೂ ಕೈಯಿಂದ ಕುರ್ಚಿ ಹಿಡಿದುಕೊಂಡ. ಅತ್ತೆ ಅದಾಗಲೇ ವಿರೋಟನ ಬೈಕಿನಲ್ಲಿ ಬಂದು ಡೋಲಿನ ಪಕ್ಕ ಕೂತಿದ್ದರು.

ಆಟ ಶುರುವಾಯಿತು. ಜೊತೆಗೆ ಉಪಚಾರವೂ ಶುರುವಾಯಿತು. ಹಿಂದಿನ ಸಾಲಿನಿಂದ ಐಸ್ ಚಹಾ ಬಂತು, ಮುಂದಿನ ಸಾಲಿನಿಂದ ಕಲ್ಲಂಗಡಿ ಬಂತು, ಪಕ್ಕದಿಂದ ಬಿಯರ್ ಬಂತು. ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟುತ್ತಿದ್ದರೂ ಗ್ಯಾರೆತ್ ಏನನ್ನೂ ಮುಟ್ಟಲಿಲ್ಲ. ಅರ್ಧ ಗಂಟೆಯಾಗುವಷ್ಟರಲ್ಲಿ ಧ್ವನಿವರ್ಧಕ ಕಿರುಚಿತು: “ನೀಲಿ ಸ್ಕೂಟರಿನ ಮಾಲೀಕರು, ಗ್ಯಾರೆತ್ ಅವರು, ತಕ್ಷಣ ಬಂದು ಗಾಡಿ ತೆಗೆಯಬೇಕು. ಆಂಬುಲೆನ್ಸಿಗೆ ಅಡ್ಡವಾಗಿದೆ.”

“ನನ್ನ ಗಾಡಿ ಮನೇಲಿ ಪಂಕ್ಚರಾಗಿ ಬಿದ್ದಿದೆ ಕಣ್ರೋ!” ಎಂದು ಗ್ಯಾರೆತ್ ಎದ್ದು ನಿಲ್ಲದೆಯೇ ಕೂಗಿದ. ಧ್ವನಿವರ್ಧಕ “ಕ್ಷಮಿಸಿ” ಎಂದಿತು.

ಮೊದಲರ್ಧ ಮುಗಿದಾಗ ಸ್ಕೋರು ಸೊನ್ನೆ–ಸೊನ್ನೆ. ರಸ್ತೆ ನಡುವೆ ಮಲಗಿ ಎಷ್ಟು ಹಾರನ್ ಹೊಡೆದರೂ ಏಳದ ಎಮ್ಮೆಯನ್ನು ನೋಡುವ ಹಾಗೆ ಇಡೀ ಸ್ಟ್ಯಾಂಡು ಅವನನ್ನು ನೋಡುತ್ತಿತ್ತು. ವಿರೋಟ್ ಡೋಲು ಇಳಿಸಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

“ದೊಡ್ಡಪ್ಪ, ಹೋಗಿ ಅಂತ ನಾನು ಹೇಳಲ್ಲ. ಸೀಟು ಸ್ವಲ್ಪ ಆ ಕಡೆ ತಿರುಗಿಸ್ಕೊಳ್ಳಿ. ರಸ್ತೆ ಕಾಣುತ್ತೆ. ಒಳ್ಳೇ ಗಾಳಿನೂ ಬರುತ್ತೆ.”

“ನಾನು ರಸ್ತೆ ನೋಡೋಕೆ ದುಡ್ಡು ಕೊಟ್ಟು ಬಂದಿದ್ದೀನಾ?”

“ಹೋಗ್ಲಿ, ಟವೆಲ್ ಮುಖದ ಮೇಲೆ ಹಾಕ್ಕೊಳ್ಳಿ. ಹತ್ತೇ ನಿಮಿಷ. ನಾನು ಪಕ್ಕದಲ್ಲೇ ಕೂತು ಎಲ್ಲಾ ವರ್ಣಿಸ್ತೀನಿ.”

“ಎದ್ದು ಹೋಗೋ ಮಾರಾಯಾ!” ಗ್ಯಾರೆತ್‌ಗೆ ಪಿತ್ತ ನೆತ್ತಿಗೇರಿತ್ತು. “ಇದು ಚೆಂಡು, ಅದು ಕಾಲು. ಕಾಲು ಚೆಂಡಿಗೆ ತಾಗಿದ್ರೆ ಗೋಲು ಆಗುತ್ತೆ. ನನ್ನ ಕಣ್ಣಿಗೂ ಅದಕ್ಕೂ ಏನೋ ಸಂಬಂಧ?”

“ಹನ್ನೊಂದು ಸಲ ಆಗಿದೆಯಲ್ಲ ದೊಡ್ಡಪ್ಪ” ಎಂದು ವಿರೋಟ್ ಮೆತ್ತಗೆ ಹೇಳಿ ಎದ್ದು ಹೋದ.

ಎಪ್ಪತ್ತೆರಡನೆಯ ನಿಮಿಷಕ್ಕೆ ಥಾ ಮಖಾಮಿಗೆ ಪೆನಾಲ್ಟಿ ಸಿಕ್ಕಿತು. ಡೋಲು ನಿಂತಿತು. ಗ್ಯಾರೆತ್ ಕುರ್ಚಿಯ ಅಂಚಿಗೆ ಸರಿದ. ಇನ್ನೇನು, ಗೋಲ್‌ಕೀಪರ್ ಒಬ್ಬನೇ ಅಡ್ಡ, ಇದನ್ನಾದರೂ ನೋಡಿಯೇ ಬಿಡುತ್ತೇನೆ! ಚೆಂಡು ಇಟ್ಟು ಹಿಂದೆ ಸರಿದ ಆಟಗಾರ ಗೋಲಿನತ್ತ ನೋಡಲಿಲ್ಲ. ಸ್ಟ್ಯಾಂಡಿನತ್ತ ತಿರುಗಿ, ಗ್ಯಾರೆತ್‌ನನ್ನು ಹುಡುಕಿ, ಎರಡೂ ಕೈ ಜೋಡಿಸಿ ಹಣೆಗೆ ತಾಗಿಸಿದ. ಅವನ ಜೊತೆಗೆ ಉಳಿದ ಹತ್ತು ಜನವೂ ಕೈ ಮುಗಿದರು. ಕೊನೆಗೆ ರೆಫರಿಯೂ ಇತ್ತಲೇ ನೋಡುತ್ತ ನಿಂತ.

ಗ್ಯಾರೆತ್ ಹಲ್ಲು ಕಚ್ಚಿ ಕುರ್ಚಿ ಹಿಡಿದು ಕೂತ. ಕಣ್ಣನ್ನು ಅಗಲಕ್ಕೆ ತೆರೆದುಕೊಂಡ.

ಚೆಂಡು ಗೋಲಿನ ಮೇಲಿಂದ, ಬೇಲಿಯ ಮೇಲಿಂದ ಹಾರಿ ಸೀನುವಾನಳ ಒಲೆಗೆ ಬಿತ್ತು. ಕೆಂಡ ಚಿಮ್ಮಿತು. ಅವಳು ಬೈದದ್ದು ಮೈದಾನಕ್ಕೆಲ್ಲ ಕೇಳಿಸಿತು.

ಜನ ಬೈದಿದ್ದರೆ ಗ್ಯಾರೆತ್‌ಗೂ ಸಮಾಧಾನವಾಗುತ್ತಿತ್ತು, ಅವನೂ ನಾಲ್ಕು ಮಾತು ಬೈಯುತ್ತಿದ್ದ. ಯಾರೂ ಬೈಯಲಿಲ್ಲ. ಎಲ್ಲರೂ ಅವನತ್ತ ತಿರುಗಿ ಸಣ್ಣಗೆ ನಕ್ಕರು. ಒಂಬತ್ತು ವರ್ಷ ಇಲ್ಲಿ ಬಾಳಿದ್ದ ಅವನಿಗೆ ಆ ನಗುವಿನ ಅರ್ಥ ಚೆನ್ನಾಗಿ ಗೊತ್ತಿತ್ತು: ಬಾಯಿಬಿಟ್ಟು ಬೈಯಲಾಗದ್ದನ್ನು ಇಲ್ಲಿನವರು ಹೀಗೆ ನಕ್ಕು ನುಂಗುತ್ತಾರೆ. ಅತ್ತೆ ಮಾತ್ರ ನಗಲಿಲ್ಲ. ಕೋಲು ಊರಿಕೊಂಡು ಎದ್ದು, ಅವನತ್ತ ನೋಡದೆ ಮೆಟ್ಟಿಲಿಳಿದು ಹೊರಗೆ ಹೊರಟುಹೋದರು.

ಎಂಬತ್ತನೆಯ ನಿಮಿಷ. ಎಂಬತ್ತೈದು. ಆಟಗಾರರ ಕಾಲು ಸೋತಿತ್ತು. ಡೋಲು ಬಡಿಯುವುದನ್ನು ಬಿಟ್ಟು ವಿರೋಟ್ ಮುಂಗೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಅದನ್ನು ನೋಡಿ ಗ್ಯಾರೆತ್ ಕುರ್ಚಿಯ ಹಿಡಿತ ಸಡಿಲಿಸಿದ. ಇದೆಲ್ಲ ಶುದ್ಧ ಮೂಢನಂಬಿಕೆ ಎಂದು ಮನಸ್ಸಿನಲ್ಲೇ ಮೂರು ಸಲ ಹೇಳಿಕೊಂಡ. ನಾಲ್ಕನೆಯ ಸಲ ಹೇಳುವಾಗ ಅವನು ಎದ್ದು ನಿಂತಾಗಿತ್ತು.

“ಹಾಳಾಗಿ ಹೋಗಿ ಎಲ್ಲರೂ!” ಎಂದು ಕೂಗಿ ಮೆಟ್ಟಿಲಿಳಿದ. ಇಡೀ ಸ್ಟ್ಯಾಂಡು ಎದ್ದು ಚಪ್ಪಾಳೆ ತಟ್ಟಿತು. ವೇಲ್ಸ್‌ನಲ್ಲಿ ಅವನು ನಿವೃತ್ತನಾದ ದಿನವೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಗೇಟು ದಾಟುವಾಗ ಸಂದಿಯಲ್ಲಿ ಒಂದು ಕಣ್ಣಿಟ್ಟು ನೋಡಲು ಹೋದ. ಕಾವಲಿನವನು ವಿನಯದಿಂದ ತಲೆಬಾಗಿ ಬಾಗಿಲು ಎಳೆದು ಚಿಲಕ ಹಾಕಿಕೊಂಡ.

ಹೊರಗೆ ಆಲದ ಮರದ ಬುಡದಲ್ಲಿ ಊರು ಕಾಯುವ ಅಜ್ಜಪ್ಪನ ಗುಡಿ. ಅದರ ಮುಂದೆ ಅತ್ತೆ ಒಂಬತ್ತು ಊದುಬತ್ತಿ ಹಿಡಿದು ಮಂಡಿಯೂರಿ ಕೂತು ಪಿಟಿಪಿಟಿ ಹರಕೆ ಹೊರುತ್ತಿದ್ದರು. ಅಳಿಯನನ್ನು ಕಂಡು ಅವರ ಮುಖ ಅರಳಿತು.

“ಬಂದ್ರಾ! ಬನ್ನಿ, ಕೂತ್ಕೊಳ್ಳಿ. ಕೈ ಮುಗೀರಿ. ‘ಹಾಗೇ ಆಗ್ಲಿ’ ಅನ್ನಿ.”

“ಏನು ಹಾಗೇ ಆಗ್ಲಿ?”

“ವಿವರ ಕೇಳೋ ಹೊತ್ತೇನ್ರೀ ಇದು? ಎಂಬತ್ತೊಂಬತ್ತು ನಿಮಿಷ ಆಯ್ತು! ಅನ್ನಿ!”

ಸುಸ್ತಾಗಿದ್ದ ಗ್ಯಾರೆತ್ ಧೊಪ್ಪನೆ ಮಂಡಿಯೂರಿದ. “ಹಾಗೇ ಆಗ್ಲಿ” ಎಂದ.

ಗೋಡೆಯಾಚೆ ಮೈದಾನ ಸಿಡಿಲು ಬಡಿದಂತೆ ಕೂಗಿಕೊಂಡಿತು. ಡೋಲು, ತುತ್ತೂರಿ, ಹೆಂಗಸರ ಕೇಕೆ. ಹನ್ನೆರಡನೆಯ ಗೋಲು! ಗ್ಯಾರೆತ್ ಗುಡಿಯ ಕಟ್ಟೆಗೆ ಹಣೆ ಒತ್ತಿ ಕೂತ. ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ.

ಎರಡು ನಿಮಿಷಕ್ಕೆ ಗೇಟು ತೆರೆದು ಜನ ಹೊರಗೆ ಹರಿದರು. ವಿರೋಟ್ ಓಡಿಬಂದು ಅವನನ್ನು ತಬ್ಬಿ ಎತ್ತಿದ.

“ಗೆದ್ವಿ ದೊಡ್ಡಪ್ಪಾ! ಮುಂದಿನ ಸುತ್ತು ಬರೋ ಭಾನುವಾರ, ನಮ್ಮ ಮೈದಾನದಲ್ಲೇ! ನಮಗೋಸ್ಕರ ಎದ್ದು ಹೋದ್ರಲ್ಲ, ನಮಗೂ ಮನುಷ್ಯತ್ವ ಇದೆ. ಬರೋ ವಾರ ನೀವು ಮೊದಲನೇ ಸಾಲಲ್ಲಿ ಕೂತು ಪೂರ್ತಿ ಆಟ ನೋಡ್ತೀರಿ. ಸೋತರೂ ಚಿಂತೆಯಿಲ್ಲ. ನಿಮ್ಮನ್ನ ಎಬ್ಬಿಸೋಕೆ ಬಂದವನ ಕಾಲು ಮುರೀತೀನಿ!”

ಸುತ್ತ ನಿಂತವರೆಲ್ಲ ಹೌದು ಹೌದೆಂದರು. ಸುಟ್ಟ ಏಪ್ರನ್ನಿನಲ್ಲೇ ಬಂದ ಸೀನುವಾನ್ ಕೂಡ ತಲೆಯಾಡಿಸಿದಳು. ಗ್ಯಾರೆತ್‌ನ ಆರು ತಿಂಗಳ ಸಿಟ್ಟೆಲ್ಲ ಇಳಿದುಹೋಯಿತು.

“ಬರೋ ಭಾನುವಾರ ಅವರಿಗಾಗಲ್ಲ” ಎಂದರು ಅತ್ತೆ, ಕೈಯಿಂದ ಮಂಡಿಯ ಧೂಳು ಕೊಡವಿಕೊಳ್ಳುತ್ತ.

“ಯಾಕೆ ಅತ್ತೆ?”

“ಬುಧವಾರ ನಿಮಗೆ ತಲೆ ಬೋಳಿಸ್ತಾರೆ. ತಂಡ ಗೆದ್ರೆ ನನ್ನ ಅಳಿಯ ಕಾವಿ ಉಟ್ಟು ಹದಿನೈದು ದಿನ ಭಿಕ್ಷುವಾಗಿ ಇರ್ತಾರೆ ಅಂತ ಹರಕೆ ಹೊತ್ತಿದ್ದೆ. ನೀವೇ ಬಾಯಾರೆ ‘ಹಾಗೇ ಆಗ್ಲಿ’ ಅಂದ್ರಲ್ಲ.” ಅತ್ತೆಯ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. “ನನಗೆ ಹುಟ್ಟಿದ್ದು ನಾಲ್ಕೂ ಹೆಣ್ಣು ಕಣ್ರೀ. ಮಗ ಕಾವಿ ಉಟ್ರೆ ಅದರ ಅಂಚು ಹಿಡ್ಕೊಂಡು ತಾಯಿ ಸ್ವರ್ಗಕ್ಕೆ ಹೋಗ್ತಾಳಂತೆ. ನಾನು ಯಾರ ಅಂಚು ಹಿಡೀಲಿ?”

ಗ್ಯಾರೆತ್ ಆ ಮುದುಕಿಯ ಮುಖ ನೋಡಿ ತಲೆಗೂದಲನ್ನೊಮ್ಮೆ ಸವರಿಕೊಂಡ. “ಆದರೆ ಅತ್ತೆ, ಪಂದ್ಯ...”

“ಭಿಕ್ಷುಗಳು ಆಟ ನೋಡೋ ಹಾಗಿಲ್ಲ. ಅದೂ ಯೋಚಿಸಿಯೇ ಹೊತ್ತಿದ್ದು” ಎಂದರು ಅತ್ತೆ, ಕಣ್ಣೊರೆಸಿಕೊಂಡು. “ಹದಿನೈದು ದಿನದಲ್ಲಿ ಫೈನಲ್ಲೂ ಮುಗಿಯುತ್ತೆ. ಕಪ್ಪೂ ನಮ್ದೇ.”

ಗ್ಯಾರೆತ್‌ನ ಹೆಗಲ ಮೇಲಿದ್ದ ಕೈಯನ್ನು ವಿರೋಟ್ ಬೆಂಕಿ ತಾಗಿದವನಂತೆ ತೆಗೆದ. ಎರಡು ಹೆಜ್ಜೆ ಹಿಂದೆ ಸರಿದು, ಚಪ್ಪಲಿ ಬಿಟ್ಟು, ನೆಲಕ್ಕೆ ಕೂತು ಕೈ ಮುಗಿದ. ಅವನ ಹಿಂದೆ ಇಡೀ ಊರು ಕೂತಿತು.

“ಭಿಕ್ಷುಗಳ ವಿಹಾರ ಮೈದಾನದ ಗೋಡೆಗೆ ಅಂಟಿಕೊಂಡೇ ಇದೆ, ಗುರುಗಳೇ” ಎಂದ ವಿರೋಟ್ ಭಕ್ತಿಯಿಂದ. “ನಿಮಗೆ ಎಲ್ಲಾ ಚೆನ್ನಾಗಿ ಕೇಳ್ಸುತ್ತೆ.”