ಕೆಂಪು ಕಾರು ತೊದಲಿದ ಪ್ರಕರಣ

ವಿಜಯದಶಮಿಯ ಮರುದಿನ ಸಂಜೆ, ಗೋವೆಯ ಮ್ಹಾಪಸಾದ ನಮ್ಮ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ, ತಾಸಿಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಹೊರಟಿದ್ದ ಕೆಂಪು ಕಾರೊಂದು ತಿರುವಿನ ನಡುವೆ ನಿಂತಿತು. ಮುಂದೆ ಹಾರಿತು. ಮತ್ತೆ ನಿಂತಿತು. ಕೊನೆಗೆ ಗೋಡೆಗೆ ಗುದ್ದಿತು. ಚಾಲಕನಿಗೆ ಗಾಯಗಳಾಗಿಲ್ಲ. ಚಾಲಕ ನಾನು. ಕಾರು ಇದ್ದದ್ದು ಕಂಪ್ಯೂಟರಿನ ಪರದೆಯ ಮೇಲೆ.

ನಾನು ಪಣಜಿಯ ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವ ಕೆಲಸ ಮಾಡುತ್ತೇನೆ. ಎರಡು ಕಡೆಯಿಂದ ಖಚಿತವಾಗದ ಸುದ್ದಿ ನನ್ನ ಮೇಜು ದಾಟುವುದಿಲ್ಲ. ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡದೆ ಬರೆಯಬೇಡಿ ಎಂದು ಹೊಸ ವರದಿಗಾರರನ್ನು ಗದರಿಸುವುದು ನನ್ನ ದಿನಚರಿ. ಈ ಪ್ರಕರಣವನ್ನೂ ಅಷ್ಟೇ ತಣ್ಣಗೆ ತನಿಖೆ ಮಾಡುವ ಆತ್ಮವಿಶ್ವಾಸ ನನಗಿತ್ತು.

ಇದು ಬರೀ ಆಟವಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಇದು ಆಸ್ತಿ ವ್ಯಾಜ್ಯ! ನನ್ನ ಹೆಂಡತಿ ಶೈಲಾ ಚೆನ್ನಾಗಿ ಹಾಡುತ್ತಾಳೆ. ಹಿಂದಿನ ಕೋಣೆಯಲ್ಲಿ ನಮ್ಮ ಕಡೆಯ ಮಕ್ಕಳಿಗೆ ಸಂಗೀತ ಕಲಿಸಬೇಕು ಎಂಬುದು ಅವಳ ಬಹುದಿನದ ಆಸೆ. ಆದರೆ ಧಾರವಾಡದಿಂದ ತಂದ ಅವಳ ಹಾರ್ಮೋನಿಯಂ ಮಂಚದ ಕೆಳಗೆ ಮಲಗಿತ್ತು. ಕೋಣೆಯಲ್ಲಿ ನಾನಿದ್ದೆ, ಕಂಪ್ಯೂಟರ್ ಇತ್ತು, ಸ್ಟೇರಿಂಗ್ ಚಕ್ರವಿತ್ತು. ದಸರೆಯ ದಿನ ಹುಬ್ಬಳ್ಳಿಯಿಂದ ಫೋನು ಮಾಡಿದ ಅವಳ ತಮ್ಮ ಪ್ರಶಾಂತ ಈ ವ್ಯಾಜ್ಯಕ್ಕೆ ಪರಿಹಾರ ಸೂಚಿಸಿದ. ಅವನೂ ಅದೇ ಆಟದ ಆಸಾಮಿ. ದೀಪಾವಳಿ ಪಾಡ್ಯದ ಸಂಜೆ ಅವನಿಗೂ ನನಗೂ ಒಂದೇ ಓಟ. ನಾನು ಗೆದ್ದರೆ ಕೋಣೆ ನನ್ನದು, ಅವನು ಗೆದ್ದರೆ ಅಕ್ಕನದು.

"ಮಾಮಾ, ಮಾತು ಅಂದ್ರ ಮಾತು. ಆಮ್ಯಾಲ ಕಾರು ಕೆಟ್ಟಿತ್ತು, ಕಣ್ಣಾಗ ಧೂಳ ಬಿತ್ತು ಅನ್ನಂಗಿಲ್ಲ."

"ಏ, ನಾ ಅಂಥಾ ಮನಷ್ಯಾ ಅಲ್ಲೋ!" ಎಂದೆ.

ಶೈಲಾ ಆಗಲೇ ಮಂಚದ ಕೆಳಗಿಂದ ಹಾರ್ಮೋನಿಯಂ ಎಳೆದು ಧೂಳು ಒರೆಸತೊಡಗಿದಳು. ಇದು ಅವಮಾನವಲ್ಲದೆ ಮತ್ತೇನು?

ಯಂತ್ರದ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ನವಮಿಯ ದಿನವಷ್ಟೇ ಆಯುಧಗಳ ಖಂಡೇ ಪೂಜೆಗೆಂದು ಅದರ ಡಬ್ಬಿ ಬಿಚ್ಚಿ, ಕುಂಚದಿಂದ ಧೂಳು ತೆಗೆದು, ಮುಚ್ಚಿ, ಕುಂಕುಮ ಹಚ್ಚಿದ್ದೆ. ದಶಮಿಯ ಸಂಜೆ ಪಕ್ಕದ ಮನೆಯ ಕಾಮತರು ಬಂಗಾರ ಕೊಡಲು ಬಂದರು. ದಸರೆಗೆ ಬಂಗಾರವೆಂದು ನಾವು ಬನ್ನಿ ಕೊಟ್ಟರೆ ಗೋವೆಯಲ್ಲಿ ಕೊಡುವುದು ಆಪಟೆ ಎಲೆ. ಎರಡು ಅಂಗೈ ಜೋಡಿಸಿದಂಥ ಅಗಲವಾದ ಎಲೆ. ನಾನು ಅದನ್ನು ತೆಗೆದುಕೊಂಡೆ, ನಿಜ. ಆದರೆ ಸುಮ್ಮನಿರಲಿಲ್ಲ. ಇದು ಖರೇ ಬಂಗಾರವಲ್ಲ, ಪಾಂಡವರು ಆಯುಧ ಇಟ್ಟದ್ದು ಬನ್ನಿಯ ಮರದಲ್ಲಿ, ಆಪಟೆಯಲ್ಲಲ್ಲ ಎಂದು ಅವರಿಗೆ ವಿವರಿಸಿದೆ. ಧಾರವಾಡದಿಂದ ಬಸ್ಸಿನಲ್ಲಿ ತರಿಸಿದ್ದ ಬನ್ನಿಯ ದೊಡ್ಡ ಕಟ್ಟನ್ನು ತೋರಿಸಿದೆ. ಅವರಿಗೆ ಒಂದು ಸಣ್ಣ ಟೊಂಗೆ ಕೊಟ್ಟೆ. ಉಳಿದದ್ದನ್ನೆಲ್ಲ ಕಂಪ್ಯೂಟರಿನ ನೆತ್ತಿಯ ಮೇಲಿಟ್ಟೆ. ಆಯುಧ ಇದ್ದಲ್ಲಿ ಬನ್ನಿ ಇರಬೇಕಲ್ಲ!

"ಇತ್ಲೆಂ?" ಎಂದು ಕಾಮತರು ಕಣ್ಣರಳಿಸಿದರು. ಇಷ್ಟೊಂದು ಯಾಕೆ ಎಂದು ಅರ್ಥ. ಗೆಲ್ಲಬೇಕಾದವನಿಗೆ ಇಷ್ಟು ಬೇಕಾಗುತ್ತದೆ ಎಂದೆ. ಅವರ ಆಪಟೆ ಎಲೆಯನ್ನು ಶೈಲಾ ದೇವರ ಮುಂದಿಟ್ಟಳು.

ಮರುದಿನವೇ ಕಾರು ತೊದಲಿತು.

ಮೊದಲ ಆರೋಪಿ ಆಟ. ಚಿತ್ರದ ಭಾರ ಕಡಿಮೆ ಮಾಡಿದರೆ ಓಟ ಸಲೀಸಾಗುತ್ತದೆ ಎಂದು ಎಲ್ಲೋ ಓದಿದ್ದೆ. ರಸ್ತೆ ಬದಿಯ ಗಿಡಗಳನ್ನು ತೆಗೆದೆ. ಪ್ರೇಕ್ಷಕರನ್ನು ತೆಗೆದೆ. ಮೋಡ ತೆಗೆದೆ, ನೆರಳು ತೆಗೆದೆ, ಕೊನೆಗೆ ದೂರದ ಗುಡ್ಡಗಳನ್ನೂ ತೆಗೆದೆ. ಸಾಂಖಳಿ ಕಡೆಯ ಗಣಿಗಳಲ್ಲೂ ಇಷ್ಟು ಬೇಗ ಗುಡ್ಡ ಮಾಯವಾಗಿರಲಿಕ್ಕಿಲ್ಲ! ಚಹಾ ತಂದ ಶೈಲಾ ಪರದೆ ನೋಡಿ ನಿಂತಳು.

"ಇದೇನ್ರಿ, ಊರಿಗೆ ಊರ ಖಾಲಿ ಆಗೇತಿ? ಎಲ್ಲಾರೂ ಎತ್ತ ಹೋದ್ರು?"

"ನಾನ ತಗದೀನಿ. ಭಾರ ಆಗ್ತಿತ್ತು."

"ಇನ್ನ ಆ ಕಾರೊಂದು ಉಳದೇತಿ ನೋಡ್ರಿ. ಅದನ್ನೂ ತಗದುಬಿಟ್ರ ತ್ರಾಸ ಮುಗೀತು."

ಬೋಳಾದ ಆ ಭೂಮಿಯಲ್ಲೂ ಕಾರು ತೊದಲಿತು.

ಎರಡನೇ ಆರೋಪಿ ಫ್ರಿಜ್. ಅದು ಗುರ್ರೆಂದಾಗಲೆಲ್ಲ ಕಾರು ನಿಲ್ಲುತ್ತಿದೆ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಬರೆಯಬೇಡಿ ಎಂದು ಊರಿಗೆಲ್ಲ ಹೇಳುವ ನಾನು, ಅನ್ನಿಸಿದ ಮೇಲೆ ಆಜ್ಞೆಯನ್ನೇ ಹೊರಡಿಸಿದೆ. ಅಭ್ಯಾಸದ ಹೊತ್ತಿನಲ್ಲಿ ಫ್ರಿಜ್ ಬಂದ್, ಮಿಕ್ಸಿ ಬಂದ್, ತಲೆಯ ಮೇಲಿನ ಫ್ಯಾನೂ ಬಂದ್! ಕೋಣೆ ಕಾದ ಹಂಚಿನಂತಾಯಿತು. ಅಲ್ಲಿಯವರೆಗೆ ತಿರುವಿನಲ್ಲಿ ಮಾತ್ರ ತೊದಲುತ್ತಿದ್ದ ಕಾರು ನೇರ ರಸ್ತೆಯಲ್ಲೂ ತೊದಲತೊಡಗಿತು. ಹಾಲು ಒಡೆಯಿತು.

"ನಾಳಿ ಚಾ ಯಾವುದರಾಗ ಮಾಡ್ಲಿ? ನಿಮ್ಮ ಪೆಟ್ರೋಲಿನಾಗೇನು?" ಎಂದಳು ಶೈಲಾ.

ನಾನು ತಾಳ್ಮೆ ಕಳೆದುಕೊಳ್ಳಲಿಲ್ಲ. ಆಟದ ಕಂಪನಿಗೆ ಪತ್ರ ಬರೆದೆ. ಸಂಪಾದಕೀಯಕ್ಕೆ ಇರಬೇಕಾದ ಗಾಂಭೀರ್ಯ, ನೋಟಿಸಿಗೆ ಇರಬೇಕಾದ ಖಾರ ಎರಡೂ ಅದರಲ್ಲಿದ್ದವು. ಗ್ರಾಹಕನ ಸಹನೆಗೂ ಮಿತಿಯಿದೆ ಎಂದು ಮುಗಿಸಿದ್ದೆ. ಉತ್ತರ ಬಂತು. ನಿಮ್ಮ ಕಂಪ್ಯೂಟರಿನ ಡಬ್ಬಿ ತೆಗೆದು ಒಳಗಿನ ಫ್ಯಾನುಗಳು ಸ್ವಚ್ಛವಾಗಿವೆಯೇ, ಸರಿಯಾಗಿ ತಿರುಗುತ್ತಿವೆಯೇ ನೋಡಿ ಎಂದು!

ನನ್ನ ಮೈ ಉರಿದುಹೋಯಿತು. ನನ್ನ ಯಂತ್ರದ ಸ್ವಚ್ಛತೆಯ ಬಗ್ಗೆ ಪ್ರಶ್ನೆ! ನಾವು ವರ್ಷಕ್ಕೊಮ್ಮೆ ಯಂತ್ರವನ್ನು ತೊಳೆದು ದೇವರೆಂದು ಪೂಜಿಸುವ ಜನ, ನಿಮ್ಮಲ್ಲಿ ಆ ಪದ್ಧತಿ ಇದೆಯೇ ಎಂದು ಮರುಪತ್ರ ಹಾಕಿದೆ. ಡಬ್ಬಿ ತೆಗೆಯಲಿಲ್ಲ. ತೆಗೆದರೆ ಅವರ ಆರೋಪಕ್ಕೆ ಬೆಲೆ ಕೊಟ್ಟಂತಾಗುತ್ತಿತ್ತು.

ಬದಲಿಗೆ ಆಟವನ್ನೇ ಅಳಿಸಿ ಹೊಸದಾಗಿ ಹಾಕಿಕೊಂಡೆ. ಹಳೆಯ ದಾಖಲೆಗಳನ್ನೂ ಅಳಿಸಬೇಕೇ ಎಂದು ಅದು ವಿನಯದಿಂದ ಕೇಳಿತು. ಅಳಿಸು ಎಂದೆ. ಆ ದಾಖಲೆಗಳೆಂದರೆ ಇಷ್ಟು ವರ್ಷ ಓಡಿ ಓಡಿ ಗೆದ್ದ ನನ್ನ ಕಾರುಗಳು ಎಂಬುದು ಆಮೇಲೆ ತಿಳಿಯಿತು. ಆಟ ನನಗೆ ಹೊಸಬರಿಗೆ ಕೊಡುವ ಪುಟ್ಟ ಕಾರೊಂದನ್ನು ಕೊಟ್ಟಿತು. ತರಕಾರಿ ತರಲು ಹೋಗುವಂಥದ್ದು. ಅದಕ್ಕೂ ಕೆಂಪು ಬಣ್ಣ ಹಚ್ಚಿದೆ. ಅದೂ ತೊದಲಿತು.

ಅಷ್ಟರಲ್ಲಿ ಹೊಸ ಸುಳಿವು ಸಿಕ್ಕಿತು.

"ರೀ, ಒಣಾ ಎಲಿ ಕಾದಂಗ ವಾಸನಿ ಬರಾಕತ್ತೇತಿ," ಎಂದಳು ಶೈಲಾ.

ವಾಸನೆ ಖರೇ ಇತ್ತು. ಕಿಟಕಿಯಿಂದ ನೋಡಿದೆ. ಕಾಮತರು ತಮ್ಮ ಅಂಗಳದಲ್ಲಿ ಕಸಬರಿಗೆ ಹಿಡಿದು ಗೇರು ಎಲೆ ಗುಡಿಸುತ್ತಿದ್ದರು. ಎಲ್ಲ ಸ್ಪಷ್ಟವಾಯಿತು! ಇವರು ಎಲೆ ಸುಡುತ್ತಾರೆ, ಹೊಗೆ ನಮ್ಮ ಕಿಟಕಿಯಿಂದ ಬಂದು ಕಂಪ್ಯೂಟರಿನ ಮೂಗಿಗೆ ಹೋಗುತ್ತದೆ, ಅದು ಕೆಮ್ಮುತ್ತದೆ. ಕಂಪೌಂಡಿನ ಗೋಡೆಯ ತನಕ ಹೋಗಿ, ಎಲೆ ಸುಡುವುದನ್ನು ತಕ್ಷಣ ನಿಲ್ಲಿಸಬೇಕು ಎಂದೆ. ಕಾಮತರ ಬಾಯಿ ತೆರೆದೇ ಉಳಿಯಿತು.

"ಹಾಂವೆಂ? ಹಾಂವೆಂ ಲಾಸೂಂಕ್ ನಾ!"

ತಾವು ಸುಟ್ಟಿಲ್ಲವಂತೆ. ಅಂಗಳದಲ್ಲಿ ಬೆಂಕಿ ಇರಲಿಲ್ಲ, ಹೊಗೆ ಇರಲಿಲ್ಲ, ಬೂದಿಯೂ ಇರಲಿಲ್ಲ. ಸಾಕ್ಷ್ಯ ನಾಶ ಎಂದು ಮನಸ್ಸಿನಲ್ಲಿ ಬರೆದುಕೊಂಡೆ. ಹಾಗಾದರೆ ವಾಸನೆ ಎಲ್ಲಿಂದ ಬಂತು ಎಂದು ಕೇಳಿದೆ. ಅವರು ಗಾಳಿಯನ್ನು ಮೂಸಿ, ಕಸಬರಿಗೆಯಿಂದ ನಮ್ಮ ಕಿಟಕಿ ತೋರಿಸಿದರು.

"ತುಮಚ್ಯಾಚ್ ಘರಾಂತಲ್ಯಾನ್, ಪತ್ರಕಾರ ಬಾಬ!"

ನಮ್ಮ ಮನೆಯಿಂದಲೇ ಬರುತ್ತಿದೆ ಎಂಬ ಈ ಆರೋಪವನ್ನು ಬಲವಾಗಿ ಅಲ್ಲಗಳೆದು ಒಳಗೆ ಬಂದೆ. ಅಂದಿನಿಂದ ಅವರು ನನ್ನನ್ನು ಕಂಡರೆ ಕಸ ಗುಡಿಸುವುದನ್ನು ಬಿಟ್ಟು ಒಳಗೆ ಹೋಗತೊಡಗಿದರು.

ಪಾಡ್ಯದ ಸಂಜೆ ಬಂತು. ಗಿಡವಿಲ್ಲದ, ಜನವಿಲ್ಲದ, ಗುಡ್ಡವಿಲ್ಲದ ಬಯಲಿನಲ್ಲಿ ನನ್ನ ತರಕಾರಿ ಕಾರು ಹೊರಟಿತು. ಶೈಲಾ ಬಾಗಿಲಲ್ಲಿ ಅಳತೆಯ ಟೇಪು ಹಿಡಿದು ನಿಂತಿದ್ದಳು. ಜಮಖಾನೆ ಎಷ್ಟು ದೊಡ್ಡದು ಬೇಕಾಗುತ್ತದೆ ಎಂದು ನೋಡುತ್ತಿದ್ದಳಂತೆ! ಕಾರು ನಿಂತಿತು, ಹಾರಿತು, ನಿಂತಿತು. ಗುರಿಯ ಗೆರೆ ಕಣ್ಣೆದುರು ಕಾಣುತ್ತಿತ್ತು. ಅಲ್ಲಿ ಪರದೆಯೇ ಕಲ್ಲಾಯಿತು.

"ಮಾಮಾ," ಎಂದ ಪ್ರಶಾಂತ ಫೋನಿನಲ್ಲಿ, "ನಾ ಮುಟ್ಟಿ, ಚಾ ಕುಡದು, ಕಪ್ ತೊಳದಿಟ್ಟು ಬಂದೆ. ನೀವು ಅಲ್ಲೆ ಏನ ಮಾಡಾಕತ್ತೀರಿ?"

"ಇದು ಓಟ ಅಲ್ಲೋ, ಮೋಸ! ಕಂಪನಿ ತಪ್ಪು! ಹೊಗಿ ತಪ್ಪು!"

"ಕಾರು ಕೆಟ್ಟಿತ್ತು ಅನ್ನಂಗಿಲ್ಲ ಅಂತ ಮಾತಾಗಿತ್ತು, ಮಾಮಾ."

ಶೈಲಾ ಸೆರಗು ಸಿಕ್ಕಿಸಿದಳು. "ಏಳ್ರಿ. ಆ ಡಬ್ಬಿ ಎತ್ತೂಣು."

ಅದೇ ಹೊತ್ತಿಗೆ ಕಾಮತರು ಹಬ್ಬದ ಸಿಹಿ ಅವಲಕ್ಕಿಯ ತಟ್ಟೆ ಹಿಡಿದು ಬಂದರು. ಕೊಟ್ಟದ್ದು ಶೈಲಾಳಿಗೆ, ನನಗಲ್ಲ. ಆದರೂ ಒಳ್ಳೆಯ ಮನುಷ್ಯ, ಡಬ್ಬಿಯ ಒಂದು ತುದಿ ಹಿಡಿದರು. ಹೊಸ್ತಿಲು ದಾಟುವಾಗ ನನ್ನ ಕೈ ಜಾರಿ ಡಬ್ಬಿ ಓರೆಯಾಯಿತು. ಒಳಗಿಂದ ಸರಸರ ಎಂದು ಸದ್ದಾಯಿತು. ನನ್ನ ಪಾದದ ಮೇಲೆ ಏನೋ ಉದುರಿತು. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ, ಒಣಗಿ ಕಂದಿದ ಎಲೆಗಳು. ಉದುರಿದವು, ಉದುರುತ್ತಲೇ ಇದ್ದವು.

ಶೈಲಾ ಬಗ್ಗಿ ಒಂದಷ್ಟು ಎತ್ತಿಕೊಂಡು ಮೂಸಿದಳು.

"ರೀ... ಇದು ನಮ್ಮ ಬಂಗಾರ ಅಲ್ಲೇನ್ರಿ?"

ಡಬ್ಬಿ ಬಿಚ್ಚಿದೆವು. ಅದರ ನೆತ್ತಿ ಗಾಳಿಯಾಡಲೆಂದು ಮಾಡಿದ ಜಾಳಿಗೆ. ಧಾರವಾಡದ ಖರೇ ಬನ್ನಿ ಒಣಗಿ, ಆ ಜಾಳಿಗೆಯಿಂದ ಸೋರಿ ಒಳಗೆ ಇಳಿದು, ತಳದಲ್ಲಿ ಹಾಸಿಗೆಯಂತೆ ಬಿದ್ದಿತ್ತು. ಚಿತ್ರ ಮೂಡಿಸುವ ಕಾರ್ಡಿನ ಫ್ಯಾನು ಅದನ್ನೇ ಮೇಲಕ್ಕೆ ಎಳೆದುಕೊಂಡಿತ್ತು. ಒಂದು ಕಡ್ಡಿ ಫ್ಯಾನಿನ ರೆಕ್ಕೆಗಳ ನಡುವೆ ಬೆಣೆ ಹೊಡೆದಂತೆ ಕೂತಿತ್ತು. ಫ್ಯಾನು ನಿಂತಿತ್ತು, ಕಾರ್ಡು ಕಾದಿತ್ತು, ಕಾದಾಗಲೆಲ್ಲ ಕಾರು ತೊದಲಿತ್ತು. ಒಣ ಎಲೆಯ ವಾಸನೆ ಘಮ್ಮೆಂದಿತು.

ಕಾಮತರು ದೇವರ ಮುಂದಿದ್ದ ತಮ್ಮ ಆಪಟೆ ಎಲೆ ತಂದು ಜಾಳಿಗೆಯ ಮೇಲಿಟ್ಟರು. ಬೆರಳಿನಿಂದ ಒತ್ತಿದರು. ಅದರ ಒಂದು ಅಂಚೂ ಒಳಗೆ ಹೋಗಲಿಲ್ಲ.

"ಹೆಂ ಖರೆಂ ಭಾಂಗರ ನ್ಹಯ್, ಪತ್ರಕಾರ ಬಾಬ!" ಎಂದರು. ಇದು ಖರೇ ಬಂಗಾರವಲ್ಲ ಎಂಬ ನನ್ನದೇ ಮಾತು, ಕೊಂಕಣಿಯಲ್ಲಿ.

ಶೈಲಾ ನಕ್ಕದ್ದು ಹುಬ್ಬಳ್ಳಿಗೂ ಕೇಳಿಸಿತು. ಫೋನು ಇನ್ನೂ ಕಟ್ಟಾಗಿರಲಿಲ್ಲ.

ಕಾಮತರ ಬಳಿ ಕ್ಷಮೆ ಕೇಳಿದ್ದೇನೆ. ಕಂಪನಿಗೆ ತಿದ್ದುಪಡಿ ಕಳಿಸಿದ್ದೇನೆ, ನಮ್ಮ ಸೇವೆ ತೃಪ್ತಿ ತಂದಿದೆಯೇ ಎಂದು ಅವರು ಕೇಳಿದ್ದಾರೆ. ಹಿಂದಿನ ಕೋಣೆಯಲ್ಲಿ ಈಗ ಜಮಖಾನೆ, ಹಾರ್ಮೋನಿಯಂ ಮತ್ತು ಸರಿಗಮ. ಕಂಪ್ಯೂಟರ್ ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕದಲ್ಲಿದೆ. ಅದರ ಮೇಲೆ ಏನನ್ನೂ ಇಡುವಂತಿಲ್ಲ.

ಯಂತ್ರ ಸರಿಯಿದ್ದಿದ್ದರೆ ಫಲಿತಾಂಶ ಬೇರೆಯೇ ಆಗುತ್ತಿತ್ತು ಎಂದು ನಾನು ಪಟ್ಟು ಹಿಡಿದದ್ದರಿಂದ, ಕಳೆದ ಭಾನುವಾರ ಸಂಜೆ ಪ್ರಶಾಂತ ಇನ್ನೊಂದು ಓಟಕ್ಕೆ ಒಪ್ಪಿದ. ತಾನೂ ಹೊಸಬರ ಪುಟ್ಟ ಕಾರನ್ನೇ ತೆಗೆದುಕೊಂಡ. ಫ್ರಿಜ್ ಚಾಲೂ ಇತ್ತು. ಗಿಡ, ಜನ, ಮೋಡ, ಗುಡ್ಡ ಎಲ್ಲವೂ ತಮ್ಮ ಜಾಗಕ್ಕೆ ಮರಳಿದ್ದವು. ಕಾರು ಒಮ್ಮೆಯೂ ತೊದಲಲಿಲ್ಲ.

ಪ್ರಶಾಂತ ಗೆದ್ದ.